ಗೊಂಬೆ ಇದ್ದವರಿಗೆ ಮಾತ್ರ ತೆರೆಯುವ ಬಾಗಿಲು

ಅಕ್ಕನ ಮನೆಯ ವಿಡಿಯೋ ಗೇಮಿಗೆ ತೀರ್ಪು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಆಟ ಬಲ್ಲವನು ಎಂಬ ಕಾರಣಕ್ಕಲ್ಲ, ದಿನಚರಿ ಬರೆಯುತ್ತೇನೆ ಎಂಬ ಕಾರಣಕ್ಕೆ. ಯಾವ ಗಾಡಿ ಎಷ್ಟು ತಡವಾಯಿತು, ಯಾರ ಮನೆಯಲ್ಲಿ ಏನು ಉಂಡೆ ಎಂದು ತಾರೀಖು ಹಾಕಿ ಬರೆದಿಡುವವನು ನ್ಯಾಯ ತಪ್ಪಲಾರ ಎಂಬ ನಂಬಿಕೆ ನಮ್ಮ ಬಳಗದಲ್ಲಿದೆ. ನಾನಿರುವುದು ರಾಣೆಬೆನ್ನೂರಿನಲ್ಲಿ, ನೌಕರಿ ಹಾವೇರಿಯಲ್ಲಿ. ಅಕ್ಕನನ್ನು ಕೊಟ್ಟ ಬ್ಯಾಡಗಿ ಇವೆರಡರ ನಡುವೆ. ಸಂಜೆ ಅಲ್ಲಿ ಇಳಿದು, ಉಂಡು, ಮುಂದಿನ ಗಾಡಿಗೆ ಊರು ಸೇರಬಹುದು.

ಆಟದ ಸೆಟ್ಟನ್ನು ತಂದವರು ಅದೇ ಮನೆಯಲ್ಲಿರುವ ಅಕ್ಕನ ಗಂಡನ ಅಣ್ಣ, ನಾನು ದೊಡ್ಡ ಮಾವ ಎಂದು ಕರೆಯುವವರು. ಮೆಣಸಿನಕಾಯಿ ದಲಾಲಿ ಅಂಗಡಿಯವರು. ಹುಬ್ಬಳ್ಳಿಯ ಗೆಳೆಯರೊಬ್ಬರ ಮಕ್ಕಳು ಆಡಿ ಬಿಟ್ಟಿದ್ದನ್ನು ದೀಪಾವಳಿ ಪಾಡ್ಯದ ದಿನ ತಂದು ಪಡಸಾಲೆಯ ಟೀವಿಗೆ ಜೋಡಿಸಿದ್ದರು.

"ಇದು ಮನೀಮಂದಿ ಎಲ್ಲಾ ಕೂಡಿ ಆಡೂದು, ತಮ್ಮಾ," ಎಂದು ಡಬ್ಬಿಯನ್ನು ನನ್ನ ಮಾರಿಗೆ ಹಿಡಿದರು. ಅದರ ಮೇಲೆ ಅಪ್ಪ, ಅವ್ವ, ಇಬ್ಬರು ಮಕ್ಕಳು ಬಿಳಿ ಸೋಫಾದ ಮೇಲೆ ಕುಳಿತು ಗಂಟಲು ಕಾಣುವಷ್ಟು ನಗುತ್ತಿದ್ದರು. ಈ ಮನೆಯ ಸೋಫಾದ ಮೇಲೆ ಒಣಗಿದ ಬಟ್ಟೆಯ ರಾಶಿ ಇತ್ತು. ನಗುತ್ತಿದ್ದವರು ದೊಡ್ಡ ಮಾವ ಒಬ್ಬರೇ.

ಆಟದ ಕ್ರಮ ಇಷ್ಟು. ತಾಟಿನಷ್ಟಗಲದ ಒಂದು ಪ್ಲಾಸ್ಟಿಕ್ ಪೀಠ, ಅದಕ್ಕೊಂದು ವೈರು. ಪೀಠದ ಮೇಲೆ ಗೊಂಬೆಯೊಂದನ್ನು ನಿಲ್ಲಿಸಿದರೆ ಪೀಠ ಬೆಳಗುತ್ತದೆ, ಅದೇ ಗೊಂಬೆ ಟೀವಿಯೊಳಗೆ ಓಡಾಡತೊಡಗುತ್ತದೆ. ಗೊಂಬೆ ತೆಗೆದರೆ ಆಟ ನಿಲ್ಲುತ್ತದೆ; ಗಳಿಸಿದ ಪಾಯಿಂಟು ಗೊಂಬೆಯೊಳಗೇ ಉಳಿಯುತ್ತದೆ. ಬೆಂಕಿಯ ಗೊಂಬೆ, ನೀರಿನ ಗೊಂಬೆ, ಗಾಳಿಯದು, ಕಲ್ಲಿನದು, ಎಲೆಯದು ಎಂದು ಜಾತಿಗಳಿವೆ. ದಾರಿಯುದ್ದಕ್ಕೂ ಬಾಗಿಲುಗಳು, ಪ್ರತಿ ಬಾಗಿಲ ಮೇಲೂ ಜಾತಿಯ ಗುರುತು. ಆ ಜಾತಿಯ ಗೊಂಬೆ ನಿಮ್ಮಲ್ಲಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಜಾಣತನ, ಕೈಚಳಕ, ತಾಳ್ಮೆ ಯಾವುದೂ ಅಲ್ಲಿ ನಡೆಯುವುದಿಲ್ಲ. ಅಂಗಡಿಗೆ ಹೋಗಿ ಕೊಳ್ಳಬೇಕು. ಇದರಲ್ಲೂ ಒಂದು ತಮಾಷೆಯಿದೆ: ಆ ಗೊಂಬೆಗಳನ್ನು ಮಾಡುವುದನ್ನೇ ಕಂಪನಿ ಎಂದೋ ನಿಲ್ಲಿಸಿದೆಯಂತೆ. ಬಾಗಿಲುಗಳು ಮಾತ್ರ ಇನ್ನೂ ಕೇಳುತ್ತಲೇ ಇವೆ.

ಕಥೆಯ ಮಾತು ಬೇಡವೇ ಬೇಡ. ಮೀಸೆಯ ದುಷ್ಟನೊಬ್ಬನಿಗೆ ಲೋಕ ಬೇಕಾಗಿದೆ. ಯಾಕೆ ಬೇಕು ಎಂದು ಅವನೂ ಹೇಳುವುದಿಲ್ಲ. ಹಾರುವ ಇಲಿಯೊಂದು ಹೆಜ್ಜೆಹೆಜ್ಜೆಗೂ ಬಂದು ಎಡಕ್ಕೆ ಹೋಗು, ಬಲಕ್ಕೆ ಹೋಗು ಎನ್ನುತ್ತದೆ. ಉಳಿದ ಹೊತ್ತೆಲ್ಲ ಪೆಟ್ಟಿಗೆ ಒಡೆಯುವುದು, ಒಳಗಿನ ಬಂಗಾರದ ನಾಣ್ಯ ಆರಿಸುವುದು. ಅಕ್ಕನ ಗಂಡ ಅಂಗಡಿಯಿಂದ ಬಂದವರು ಬಾಗಿಲಲ್ಲೇ ಅಂಗಿಯ ಖಾರದ ಧೂಳು ಕೊಡವುತ್ತ ಎರಡು ನಿಮಿಷ ನೋಡಿದರು.

"ನಾವೂ ದಿನಾ ಚೀಲಾ ಬಿಚ್ಚತೀವಪಾ," ಎಂದರು. "ಸೀನು ಬಿಟ್ರ ಏನೂ ಸಿಕ್ಕಿಲ್ಲ." ಎಂದವರು ಸೀನುತ್ತಲೇ ಒಳಗೆ ಹೋದರು. ಅವತ್ತು ಆ ಪಡಸಾಲೆಯಲ್ಲಿ ಕೇಳಿದ ಒಳ್ಳೆಯ ಮಾತು ಅದೊಂದೇ.

ಸೆಟ್ಟಿನಲ್ಲಿ ಗೊಂಬೆಗಳು ಆರು. ಐದು ದೊಡ್ಡ ಮಾವನ ಮಗನಿಗೆ, ಹನ್ನೊಂದರ ಹುಡುಗನಿಗೆ. ಅವನಿಗೆ ಬೇಡವಾದ ಒಂದು, ಎಲೆ ಜಾತಿಯ ಹಸಿರು ಕಪ್ಪೆ, ಅಕ್ಕನ ಮಗಳಿಗೆ. ಅವಳಿಗೆ ಒಂಬತ್ತು. ಕಪ್ಪೆಯ ಒಂದು ಕಣ್ಣಿನ ಬಣ್ಣ ಹಾರಿತ್ತು. ರಿಮೋಟುಗಳು ಎರಡಿದ್ದರೂ ನಡೆಯುತ್ತಿದ್ದದ್ದು ಒಂದೇ. ಅದು ಹುಡುಗನ ಕೈ ಬಿಡುತ್ತಿರಲಿಲ್ಲ.

ಮೂರನೆಯ ಹಂತದಲ್ಲಿ ಸೇತುವೆ ದಾಟಿದ ಮೇಲೆ ಎಲೆಯ ಗುರುತಿನ ಬಾಗಿಲೊಂದಿತ್ತು. ಬಳ್ಳಿ ಹಬ್ಬಿದ, ಸಂದಿಯಿಂದ ಹಸಿರು ಬೆಳಕು ಸೋರುವ ಬಾಗಿಲು. ಹುಡುಗಿ ಅದನ್ನು ಮೊದಲ ದಿನವೇ ನೋಡಿಟ್ಟುಕೊಂಡಿದ್ದಳು.

"ಅಣ್ಣಾ, ಬಾಗಲಾ ಬಂತು! ನನ್ನ ಕಪ್ಪಿ ಇಡು!"

"ಅದರಾಗ ಹೋಗಲಿಲ್ಲಂದ್ರೂ ಹಂತ ಮುಗೀತೈತಿ. ಟೈಮ್ ವೇಸ್ಟ್."

"ಒಂದ್ಸಲ!"

"ನಾಳೆ."

ಪಾಡ್ಯದಿಂದ ನಾನು ಹೋದ ಸಂಜೆಗಳಲ್ಲೆಲ್ಲ ಈ ಮಾತು ಕೇಳಿ ಬರೆದುಕೊಂಡೆ. ತೆರೆದ ಬಾಗಿಲಿಗೊಂದು ಗೀಟು, ಮುಚ್ಚಿದ್ದಕ್ಕೊಂದು ಗೀಟು ಹಾಕುತ್ತಿದ್ದೆ. ಮುಚ್ಚಿದ ಕಡೆಯ ಗೀಟುಗಳು ಸಾಲು ಮೀರಿ ಮುಂದಿನ ಪುಟಕ್ಕೆ ಹೋದವು. ಹುಡುಗಿ ಕಪ್ಪೆಯನ್ನು ಫ್ರಾಕಿನ ಕಿಸೆಯಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತಿರುತ್ತಿದ್ದಳು. ಸೇತುವೆ ಬಂದಾಗ ಕಪ್ಪೆಯನ್ನು ಹೊರಗೆ ತೆಗೆಯುತ್ತಿದ್ದಳು, ದಾಟಿದ ಮೇಲೆ ಒಳಗಿಡುತ್ತಿದ್ದಳು. ಮನೆಮಂದಿ ಎಲ್ಲಾ ಕೂಡಿ ಆಡುವ ಆಟ ಎಂದರೆ ಇದು: ಒಬ್ಬ ಆಡುತ್ತಾನೆ, ಒಬ್ಬಳು ಕಾಯುತ್ತಾಳೆ, ಉಳಿದವರಿಗೆ ಸುದ್ದಿ ಕೇಳಲು ಟೀವಿ ಸಿಗುವುದಿಲ್ಲ.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ನಾ ಬಾಯಿ ತೆಗದ್ರ ನೆಗೆಣ್ಯಾರ ಜಗಳಾ ಆಗತೈತಿ. ಅಕಿ ಮಲಗೂಮುಂದೂ ಆ ಬಾಗಲದ್ದ ಮಾತಾಡತಾಳ. ನೀನ ಏನರ ಹೇಳು. ನಿನ್ನ ಮಾತಿಗೆ ಅವರು ಹೂಂ ಅಂತಾರ."

ದೊಡ್ಡ ಮಾವನಿಗೆ ಹೇಳಿದೆ. ಅವರು ಉದಾರವಾಗಿ ನಕ್ಕರು. "ಗೌರಿ ಹುಣ್ಣಿಮಿ ಮುಗೀಲಿ, ಆಮ್ಯಾಲ ತೀರ್ಪು ಕೊಡು. ಪಡಸಾಲ್ಯಾಗ ಇರಬೇಕೋ, ಅಟ್ಟಕ್ಕ ಹೋಗಬೇಕೋ, ನೀ ಅಂದಂಗ."

ಗೌರಿ ಹುಣ್ಣಿಮೆಯ ಸಂಜೆ ಆ ಓಣಿಯ ಹುಡುಗಿಯರೆಲ್ಲ ಸಕ್ಕರೆ ಆರತಿ ಹಿಡಿದು ಅಕ್ಕನ ಮನೆಗೇ ಬರುತ್ತಾರೆ, ಗೌರಿಯನ್ನು ಕೂಡಿಸುವುದು ಅಲ್ಲಿಯೇ ಆದ್ದರಿಂದ. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿನಲ್ಲಿ ಹೊಯ್ದು ಮಾಡಿದ ಆನೆ, ಕುದುರೆ, ಬಸವಣ್ಣನ ಗೊಂಬೆಗಳು ತಾಟಿನಲ್ಲಿರುತ್ತವೆ. ಆರತಿ ಬೆಳಗಿದ ಮೇಲೆ ಅಕ್ಕನ ಅತ್ತೆ, ಮಕ್ಕಳೆಲ್ಲ ಆಯಿ ಎನ್ನುವವರು, ಪ್ರತಿ ಹುಡುಗಿಯ ತಾಟಿಗೂ ತಮ್ಮ ಮನೆಯ ಒಂದು ಗೊಂಬೆ ಹಾಕಿ ಕಳಿಸಬೇಕು. ಹಾಕದೆ ಕಳಿಸುವಂತಿಲ್ಲ.

ಆ ವಾರ ಅಕಾಲದ ಮಳೆ ಹಿಡಿದಿತ್ತು. ಆಯಿ ಡಬ್ಬಿ ತೆರೆದರೆ ಅವರ ಸಕ್ಕರೆ ಗೊಂಬೆಗಳು ಬೆವೆತು ಒಂದಕ್ಕೊಂದು ಅಂಟಿ ಕಲ್ಲಿನ ಹಾಗೆ ಕೂತಿದ್ದವು. ಹೇಗೋ ಬಿಡಿಸಿ ಕೊಟ್ಟರೂ ಕೊನೆಗೆ ಐದು ಹುಡುಗಿಯರು ಉಳಿದರು. ಆಯಿ ಸುತ್ತ ನೋಡಿದರು. ಟೀವಿಯ ಬದಿಗೆ ಐದು ಗೊಂಬೆಗಳು ಸಾಲಾಗಿ ನಿಂತಿದ್ದವು. ಒಂದೊಂದು ತಾಟಿಗೆ ಒಂದೊಂದನ್ನಿಟ್ಟು, ಜೊತೆಗೆ ಒಂದು ಚೂರು ಸಕ್ಕರೆ ಹಾಕಿ, ಕುಂಕುಮ ಹಚ್ಚಿ ಕಳಿಸಿಬಿಟ್ಟರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ತಡೆಯಬಹುದಿತ್ತು, ತಡೆಯಲಿಲ್ಲ. ಅಷ್ಟು ಚೆನ್ನಾಗಿ ಆ ಗೊಂಬೆಗಳನ್ನು ಯಾರೂ ಬಳಸಿದ್ದನ್ನು ನಾನು ಕಂಡಿರಲಿಲ್ಲ.

ಹುಡುಗ ಹೊರಗಿನಿಂದ ಬಂದು ಮನೆ ಹಾರಿಹೋಗುವಂತೆ ಕೂಗಿದ.

"ಆಯೀ! ನನ್ನ ಬೆಂಕಿ ಗೊಂಬಿ ಎಲ್ಲಿ?"

"ಮೂಲಿ ಮನಿ ಹುಡುಗಿ ತಾಟಿಗೆ ಹಾಕೇನಿ. ಗೊಂಬಿ ಕಡಿಮಿ ಬಿದ್ದುವು."

"ಅದು ತಿನ್ನೂ ಗೊಂಬಿ ಅಲ್ಲ! ಅದರಾಗ ನನ್ನ ಪಾಯಿಂಟು ಅದಾವು!"

"ಪಾಯಿಂಟು ಇದ್ರ ಅಕೀಗೂ ಸಿಗಲೇಳು, ಹಬ್ಬದ ದಿನ."

"ಇಸ್ಕೊಂಡು ಬಾ, ಈಗಿಂದೀಗ!"

ಆಯಿ ಸೆರಗು ಸರಿಪಡಿಸಿಕೊಂಡರು. "ಗೌರಿ ಮುಂದಿನ ತಾಟಿಗೆ ಹಾಕಿದ್ದನ್ನ ತಿರುಗಿ ಕೇಳಾಕ ಹೋಗಲೇನು? ಓಣ್ಯಾಗ ಮಾರಿ ಹೆಂಗ ತೋರಸಲಿ? ಅಳಬ್ಯಾಡ, ಇಕಾ, ಆನಿ ಸೊಂಡಿ ತಿನ್ನು."

ದೊಡ್ಡ ಮಾವ ಹೊಸದನ್ನು ತರಿಸುತ್ತೇನೆ ಎಂದು ಫೋನಿನಲ್ಲಿ ಬಹಳ ಹೊತ್ತು ಹುಡುಕಿದರು. ಎಲ್ಲಿಯೂ ಸಿಗಲಿಲ್ಲ. ಅವ್ವನ ಮೇಲೆ ಸಿಟ್ಟು ಮಾಡುವಂತಿರಲಿಲ್ಲ, ಹಬ್ಬದ ಮೇಲಂತೂ ಮಾಡುವಂತೆಯೇ ಇರಲಿಲ್ಲ. ಕೊನೆಗೆ ಮೊಬೈಲ್ ಕಂಪನಿಗೆ ಬೈದರು.

ಮರುದಿನ ಸಂಜೆ ನಾನು ಮತ್ತೆ ಇಳಿದೆ. ಹುಡುಗ ಟೀವಿಯ ಮುಂದೆ ಕೂತಿದ್ದ. ಖಾಲಿ ಪೀಠ ಮಿಣುಕುತ್ತಿತ್ತು. ಹುಡುಗಿ ಕಿಸೆಯಲ್ಲಿ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಕಪ್ಪಿ ತಾ," ಎಂದ ಅವನು, ತಿರುಗಿ ನೋಡದೆ.

"ನಾ ಆಡತೀನಿ. ನೀ ಬಾಜೂ ಕುಂದ್ರು."

"ನಿನಗ ಜಿಗಿಯಾಕ ಬರೂದಿಲ್ಲ."

"ಕಪ್ಪೀಗೆ ಬರತೈತಿ."

ಅವನು ರಿಮೋಟು ಕೊಟ್ಟ. ಬೇರೆ ದಾರಿಯಿರಲಿಲ್ಲ. ಒಕ್ಕಣ್ಣಿನ ಕಪ್ಪೆ ಟೀವಿಯಲ್ಲಿ ಎದ್ದು ನಿಂತಾಗ ಅವಳು ಮುಂದಕ್ಕೆ ಸರಿದಳು; ಟೀವಿಯಲ್ಲಿ ಅದಕ್ಕೆ ಎರಡೂ ಕಣ್ಣುಗಳಿದ್ದವು. ಆಮೇಲೆ ಸೇತುವೆಯಿಂದ ಬೀಳತೊಡಗಿದಳು. ಎಷ್ಟು ಸಲ ಬಿದ್ದಳೆಂದು ನಾನು ಎಣಿಸಲಿಲ್ಲ. ಹುಡುಗ ಮೊದಲು ಹಲ್ಲು ಕಡಿದ, ಆಮೇಲೆ "ಈಗ ಜಿಗಿ, ಈಗ!" ಎಂದು ತಾನೇ ನೆಗೆಯತೊಡಗಿದ. ಅಕ್ಕ ಸೌಟು ಹಿಡಿದುಕೊಂಡೇ ಬಂದು ನಿಂತಳು. ಕಪ್ಪೆ ಕಡೆಗೂ ಸೇತುವೆ ದಾಟಿ ಎಲೆಯ ಬಾಗಿಲಿಗೆ ಮುಟ್ಟಿತು. ಬಳ್ಳಿಗಳು ಸರಿದವು, ಕಹಳೆಯ ಸದ್ದಾಯಿತು, ಬಾಗಿಲು ತೆರೆಯಿತು.

ಒಳಗೆ ಒಂದು ಕೋಣೆ. ನಾಲ್ಕು ಗೋಡೆ, ಮೂರು ಪೆಟ್ಟಿಗೆ. ಎರಡರಲ್ಲಿ ನಾಣ್ಯ, ಮೂರನೆಯದರಲ್ಲಿ ಒಂದು ಜೋಡಿ ಕೆಂಪು ಬೂಟು. ಹಾರುವ ಇಲಿ ಬಂದು ಶಭಾಷ್ ಎಂದಿತು. ಮುಂದೆ ದಾರಿ ಇರಲಿಲ್ಲ.

ಹುಡುಗಿ ಕಪ್ಪೆಯನ್ನು ಗೋಡೆಗುಂಟ ಒಂದು ಸುತ್ತು ನಡೆಸಿದಳು, ಮತ್ತೊಂದು ಸುತ್ತು ನಡೆಸಿದಳು. "ಇಷ್ಟನ?" ಎಂದಳು.

"ಬೂಟು ಹಾಕ್ಕೊಂಡ್ರ ಪವರ್ ಹೆಚ್ಚಾಗತೈತಿ," ಎಂದ ಹುಡುಗ. ಅವನ ದನಿಯಲ್ಲಿ ಮೊದಲ ಸಲ ಒಂದು ಬಗೆಯ ಸಂಕೋಚವಿತ್ತು.

"ಕಪ್ಪೀಗೆ ಬೂಟು ಯಾಕ?"

ಅದಕ್ಕೆ ಆಟ ಮಾಡಿದವರಲ್ಲೂ ಉತ್ತರ ಇರಲಿಕ್ಕಿಲ್ಲ. ಒಳಗೆ ಏನಿರುತ್ತದೆ ಎಂದು ನೀನು ಅಂದುಕೊಂಡಿದ್ದೆ ಎಂದು ನಾನು ಹುಡುಗಿಯನ್ನು ಕೇಳಿದೆ.

"ಕೆರಿ ಇರತೈತಿ ಅನಕೊಂಡಿದ್ದೆ, ಮಾಮಾ. ಉಳಿದ ಕಪ್ಪಿ ಎಲ್ಲಾ ಅಲ್ಲೇ ಇರತಾವಂತ."

ದೊಡ್ಡ ಮಾವ ಆಗಷ್ಟೇ ಬಂದು ಸೋಫಾದ ಬಟ್ಟೆ ಸರಿಸಿ ಕೂತಿದ್ದರು. ಹುಡುಗ ರಿಮೋಟು ಎತ್ತಿ ಅವಳ ಕಡೆ ಚಾಚಿ, "ಐದನೇ ಹಂತದಾಗ ಎಲಿ ಬಾಗಲಾ ಇನ್ನೊಂದೈತಿ. ಅದಕ್ಕೂ ನೀನ ಹೋಗು," ಎಂದ. ಅದು ಅವನು ಕೊಡಬಹುದಾಗಿದ್ದ ಎಲ್ಲಕ್ಕಿಂತ ದೊಡ್ಡ ವಸ್ತುವಾಗಿತ್ತು.

"ಒಲ್ಲೆ," ಎಂದಳು ಅವಳು. ಕಪ್ಪೆಯನ್ನು ಪೀಠದಿಂದ ಎತ್ತಿಕೊಂಡಳು. ಟೀವಿಯಲ್ಲಿ ಕೋಣೆ ಹಾಗೆಯೇ ನಿಂತಿತು, ಬೂಟುಗಳ ಸಮೇತ. ಅವಳು ಬಚ್ಚಲಿಗೆ ಹೋಗಿ ಬಕೀಟಿಗೆ ನಳ ಬಿಟ್ಟ ಸದ್ದು ಕೇಳಿಸಿತು.

"ಹಂಗಾರ ತೀರ್ಪು ಏನಪಾ?" ಎಂದರು ದೊಡ್ಡ ಮಾವ.

"ಅಟ್ಟಕ್ಕ ಹಾಕ್ರಿ," ಎಂದೆ. ಹುಡುಗ ನನ್ನ ಮಾರಿ ನೋಡಿದ, ಬಚ್ಚಲ ಕಡೆ ನೋಡಿದ. ಆಮೇಲೆ ತಾನೇ ವೈರು ಕಿತ್ತು ಸುತ್ತತೊಡಗಿದ.