ಗೋಡೆ ಕಡೆಯ ಆಟಗಾರ್ತಿ

ಭೀಮರಾಯನಗುಡಿಯ ಕಾಲುವೆ ಕಾಲೊನಿಯಲ್ಲಿ ಒಂದು ಹಳೆಯ ಸಿಮೆಂಟ್ ಗೋದಾಮು ಇತ್ತು. ಮುಖ್ಯ ಕಾಲುವೆಯ ಕೆಲಸ ಮುಗಿದು ಚೀಲಗಳು ಖಾಲಿಯಾದ ಮೇಲೆ ಅದನ್ನು ನೌಕರರ ಕ್ಲಬ್ಬಿಗೆ ಬಿಟ್ಟುಕೊಟ್ಟರು. 1988ರಲ್ಲಿ ಅಲ್ಲಿಗೆ ಒಂದು ಟೇಬಲ್ ಟೆನಿಸ್ ಟೇಬಲ್ ಬಂತು. ಕೋಣೆ ಅಷ್ಟು ಉದ್ದವಿರಲಿಲ್ಲ. ಬಾಗಿಲ ಕಡೆ ನಿಂತವರಿಗೆ ಹಿಂದೆ ಸರಿಯಲು ಬೇಕಾದಷ್ಟು ಜಾಗ. ಚೆಂಡು ದೂರ ಹೋದರೆ ವರಾಂಡಕ್ಕೇ ಓಡಿ ಅಲ್ಲಿಂದ ಹೊಡೆಯಬಹುದಿತ್ತು. ಗೋಡೆ ಕಡೆ ನಿಂತವರಿಗೆ ಎರಡೇ ಹೆಜ್ಜೆ. ಮೂರನೆಯದಕ್ಕೆ ಬೆನ್ನು ಗೋಡೆಗೆ ತಾಗಿ ಬಟ್ಟೆಗೆ ಸುಣ್ಣ ಮೆತ್ತುತ್ತಿತ್ತು.

ದೇವಕಮ್ಮ ಆಟ ಕಲಿತದ್ದು ಆ ಗೋಡೆ ಕಡೆ ನಿಂತೇ.

ಆಕೆ ಕಾಲುವೆ ವಿಭಾಗದ ಕಚೇರಿಯಲ್ಲಿ ಟೈಪಿಸ್ಟ್. ತಂದೆ ತಿಮ್ಮಣ್ಣ ಗೋಗಿ ಹತ್ತಿರದ ಹಳ್ಳಿಯವನು. ಕಾಲುವೆ ತೋಡುವ ಕೆಲಸ ಶುರುವಾದಾಗ ಸಲಿಕೆ ಹಿಡಿದು ಬಂದು, ಹೆಂಡತಿ ಬಾಲಮ್ಮನ ಜೊತೆ ತಗಡಿನ ಗುಡಿಸಲಲ್ಲಿ ಹತ್ತು ವರ್ಷ ಕಳೆದಿದ್ದ. ಮಗಳು ಕಾಲೊನಿಯ ಶಾಲೆಯಲ್ಲಿ ಓದಿ, ಶಹಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿತು, ಇಪ್ಪತ್ತೊಂದಕ್ಕೆ ನೌಕರಿ ಹಿಡಿದಳು. ತಾನು ಅಗೆದ ಕಾಲುವೆಯ ಪತ್ರಗಳನ್ನೆಲ್ಲ ಈಗ ಮಗಳೇ ಟೈಪ್ ಮಾಡುತ್ತಾಳೆ ಎಂದು ತಿಮ್ಮಣ್ಣ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಕ್ಲಬ್ಬಿನಲ್ಲಿ ಬಾಗಿಲ ಕಡೆ ಸಾಹೇಬರ ಜಾಗ. ಯಾರೂ ಹಾಗೆಂದು ಹೇಳಿರಲಿಲ್ಲ, ಆದರೆ ಎಲ್ಲರೂ ಪಾಲಿಸುತ್ತಿದ್ದರು. ಕಚೇರಿಯ ಕೊನೆಯ ಪತ್ರ ಮುಗಿಸಿ ಬರುವ ದೇವಕಮ್ಮನಿಗೆ ಉಳಿಯುತ್ತಿದ್ದದ್ದು ಗೋಡೆ ಕಡೆ. ಕೈ ಹಿಂದಕ್ಕೆ ಎಳೆದು ಬೀಸಿದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಹಾಗಾಗಿ ಆಕೆ ಬೀಸುವುದನ್ನೇ ಕಲಿಯಲಿಲ್ಲ. ಟೇಬಲ್ಲಿಗೆ ಅಂಟಿಕೊಂಡು ನಿಂತು, ಚೆಂಡು ಪುಟಿದು ಏಳುತ್ತಿದ್ದಂತೆಯೇ ಬ್ಯಾಟನ್ನು ಅದರ ದಾರಿಗೆ ಅಡ್ಡ ಹಿಡಿಯುವಳು. ಎದುರಿನವರು ಎಷ್ಟು ಜೋರಾಗಿ ಹೊಡೆದರೂ ಚೆಂಡು ಸುಮ್ಮನೆ ತಿರುಗಿ ಹೋಗುತ್ತಿತ್ತು.

ಎದುರಿಗೆ ಹೆಚ್ಚಾಗಿ ಇರುತ್ತಿದ್ದವರು ಸಹಾಯಕ ಎಂಜಿನಿಯರ್ ಶಾಂತಪ್ಪ. ಸುರಪುರದ ಬಟ್ಟೆ ಅಂಗಡಿಯವರ ಮಗ, ಎತ್ತರದ ಆಳು, ಮನಸ್ಸು ಒಳ್ಳೆಯದು, ಮಾತು ಜಾಸ್ತಿ. ತಮ್ಮ ನಾಲ್ಕು ಸ್ಮ್ಯಾಶ್ ಸಾಲಾಗಿ ತಿರುಗಿ ಬಂದಾಗ ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳುತ್ತಿದ್ದರು:

"ದೇವಕಮ್ಮ, ನೀವು ಆಟ ಆಡಾಕತ್ತೀರೋ, ಬಾಗಿಲಾ ಹಾಕಾಕತ್ತೀರೋ?"

"ಜಾಗ ಇಲ್ರಿ ಸಾಹೇಬ್ರ, ಏನ್ ಮಾಡ್ಲಿ?" ಎಂದು ಆಕೆ ನಗುವಳು.

1990ರ ಚಳಿಗಾಲದಲ್ಲಿ ಯಾದಗಿರಿಯಲ್ಲಿ ಸುತ್ತಲಿನ ತಾಲೂಕುಗಳ ಸರ್ಕಾರಿ ನೌಕರರ ಕ್ರೀಡಾಕೂಟ ನಡೆಯಿತು. ದೇವಕಮ್ಮನ ಹೆಸರು ಕೊಟ್ಟವರು ಶಾಂತಪ್ಪನವರೇ. ದೇವಕಮ್ಮ ಎರಡು ಪಂದ್ಯ ಗೆದ್ದು ಫೈನಲಿಗೆ ಬಂದಳು. ಅಲ್ಲಿ ಎದುರಾದವಳು ಸುರಪುರ ಕಡೆಯ ನರ್ಸ್ ಕಲ್ಯಾಣಮ್ಮ. ಗಟ್ಟಿ ಮೈಕಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಟೇಬಲ್ಲಿನಿಂದ ಆರು ಹೆಜ್ಜೆ ಹಿಂದೆ ನಿಂತು ಹೊಡೆಯುವವಳು. ಇಪ್ಪತ್ತೊಂದು–ಒಂಬತ್ತು, ಇಪ್ಪತ್ತೊಂದು–ಹನ್ನೊಂದು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಸೋತದ್ದಕ್ಕಿಂತ ಸೋತ ರೀತಿ ದೇವಕಮ್ಮನನ್ನು ಕಾಡಿತು. ಆಕೆಯ ಕೈ ಸರಿಯಾದ ಜಾಗದಲ್ಲೇ ಇತ್ತು. ಚೆಂಡು ಬ್ಯಾಟಿಗೂ ತಾಗಿತ್ತು. ಆದರೆ ತಾಗಿದ ಚೆಂಡು ಹಾರಿ ಟೇಬಲ್ ದಾಟಿ ಗೋಡೆಗೆ ಹೋಗಿ ಬಡಿಯುತ್ತಿತ್ತು. ಶಹಾಪುರಕ್ಕೆ ಮರಳುವ ಬಸ್ಸಿನಲ್ಲಿ ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ರಬ್ಬರಿನ ಕೆಳಗಿನ ಸ್ಪಂಜು ಹಾಸಿಗೆಯಂತೆ ತಗ್ಗಿ ಮತ್ತೆ ಉಬ್ಬಿತು. ಕಟ್ಟಿಗೆಯೋ, ಕೈಯಲ್ಲಿದೆಯೋ ಇಲ್ಲವೋ ಎನ್ನುವಷ್ಟು ಹಗುರ. ಶಾಂತಪ್ಪನವರ ಹೊಡೆತಕ್ಕೆ ಸಾಕಾಗಿದ್ದ ಬ್ಯಾಟು ಕಲ್ಯಾಣಮ್ಮನ ಹೊಡೆತಕ್ಕೆ ನಡುಗಿಬಿಟ್ಟಿತ್ತು.

ಮರುದಿನ ಶಾಂತಪ್ಪ ತಮ್ಮದೇ ಬ್ಯಾಟನ್ನು ಕೊಟ್ಟರು. "ಇದರಾಗ ಆಡ್ರಿ. ಭಾಳ ಫಾಸ್ಟ್ ಅದ. ಆಕಿ ಹೊಡ್ಯೂದಕ್ಕಿಂತ ಜೋರಾಗಿ ತಿರುಗಿ ಹೋಗ್ತದ."

ದೇವಕಮ್ಮ ಒಂದು ವಾರ ಆಡಿ ನೋಡಿದಳು. ಚೆಂಡು ಮೊದಲಿಗಿಂತ ದೂರ ಹಾರಿತು. ಬ್ಯಾಟನ್ನು ಒರೆಸಿ ಮರಳಿ ಕೊಟ್ಟಳು.

"ಯಾಕ್ರಿ? ಕೈಗೆ ರೂಢಿ ಆಗಬೇಕಲ್ರಿ."

"ಹಂಗಲ್ರಿ ಸಾಹೇಬ್ರ. ನೀವು ಹೊಡ್ಯಾವ್ರು. ನಾ ತಡ್ಯಾಕಿ. ಹೊಡ್ಯಾವ್ರ ಬ್ಯಾಟ್ ನನಗ ಹೊಂದೂದಿಲ್ರಿ."

ಶಾಂತಪ್ಪ ಹೈದರಾಬಾದಿನಲ್ಲಿ ತಾವು ಬ್ಯಾಟು ಕೊಂಡಿದ್ದ ಅಂಗಡಿಯ ವಿಳಾಸವನ್ನು ಚೀಟಿಯಲ್ಲಿ ಬರೆದು ಕೊಟ್ಟರು.

ಒಂದು ಬ್ಯಾಟಿಗಾಗಿ ಹೈದರಾಬಾದಿಗೆ ಹೋಗುವುದೆಂದರೆ ಬಾಲಮ್ಮನಿಗೆ ನಂಬಲಾಗಲಿಲ್ಲ. ತಿಮ್ಮಣ್ಣ ಮಾತ್ರ, "ಒಬ್ಬಾಕಿ ಹೋಗಬ್ಯಾಡ, ನಾನೂ ಬರ್ತೀನಿ. ಚಾರ್ಮಿನಾರ್ ನೋಡಿಲ್ಲ ನಾ," ಎಂದು ಧೋತರ ಒಗೆದು ಒಣಹಾಕಿದ. ಅಪ್ಪ, ಮಗಳು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿದರು.

ಅಂಗಡಿಯ ಮಾಲೀಕ ಆಕೆಯನ್ನೂ, ಹಿಂದೆ ರುಮಾಲು ಸುತ್ತಿಕೊಂಡು ನಿಂತ ತಿಮ್ಮಣ್ಣನನ್ನೂ ನೋಡಿ, ಮಕ್ಕಳ ಬ್ಯಾಟುಗಳ ಕಡೆ ಕೈ ತೋರಿಸಿದ. ಒಳಗೆ ಸ್ಟೂಲಿನ ಮೇಲೆ ಕೂತು ರ‍್ಯಾಕೆಟ್ಟಿಗೆ ದಾರ ಬಿಗಿಯುತ್ತಿದ್ದ ಬಿಳಿ ಗಡ್ಡದ ಒಬ್ಬರು ಇವರ ಮಾತು ಕೇಳಿ ತಲೆಯೆತ್ತಿದರು. ಅವರ ಹೆಸರು ಬಾಷುಮಿಯಾ. ಗುರುಮಿಠಕಲ್ ಕಡೆಯವರು, ವಯಸ್ಸಿನಲ್ಲಿದ್ದಾಗ ಒಳ್ಳೆಯ ಆಟಗಾರರಾಗಿದ್ದವರು.

"ಯಾವೂರವ್ವಾ? ಶಹಾಪುರಾ? ಬಾ, ಇಲ್ಲಿ ಕೂಡು. ನಮ್ಮ ಕಡೀ ಮಂದಿ ಬಂದು ಭಾಳ ದಿನಾ ಆಗಿತ್ತು." ಆಕೆಯ ಹಳೆಯ ಬ್ಯಾಟನ್ನು ತೆಗೆದುಕೊಂಡು ತೂಗಿ ನೋಡಿದರು. "ಮೊದಲ ಇದು ಹೇಳು. ಎಲ್ಲಿ ನಿಂತು ಆಡ್ತಿ ನೀ?"

"ಟೇಬಲ್ಲಿಗಿ ಹೊಟ್ಟಿ ಹಚ್ಚಿ ನಿಂದರ್ತೀನ್ರಿ."

"ಹೊಡ್ಯೂದು?"

"ಇಲ್ರಿ. ತಡ್ಯೂದು ಅಷ್ಟ."

ಬಾಷುಮಿಯಾ ಎದ್ದು ಹೋಗಿ ಮೂರು ಬರಿಯ ಕಟ್ಟಿಗೆಯ ಬ್ಯಾಟು ತಂದರು. ಒಂದೊಂದನ್ನೂ ಅಂಗೈ ಮೇಲೆ ಅಡ್ಡ ಹಿಡಿದು, ಮೊಳದೆತ್ತರದಿಂದ ಚೆಂಡು ಬಿಟ್ಟರು. ಮೊದಲನೆಯದರ ಮೇಲೆ ಚೆಂಡು 'ಟಣ್' ಎಂದು ಎತ್ತರಕ್ಕೆ ಹಾರಿತು. ಎರಡನೆಯದು ಸ್ವಲ್ಪ ಕಡಿಮೆ. ಮೂರನೆಯದರ ಮೇಲೆ ಮೆತ್ತಗಿನ ಸದ್ದಾಗಿ ಚೆಂಡು ಗೇಣು ಮಾತ್ರ ಎದ್ದಿತು.

"ಸದ್ದು ಕೇಳಿದಿ? ಚೂಪ್ ಸದ್ದು ಬರೋ ಕಟಗಿ ಹೊಡ್ಯಾವ್ರಿಗೆ. ಇದು ಐದು ಪದರಿಂದು, ನಿಧಾನ ಅದ, ಖರೇ ತೂಕ ಅದ. ಜೋರಾಗಿ ಬಂದ ಚೆಂಡಿಗೆ ಕೈಯಾಗ ಅಲ್ಲಾಡೂದಿಲ್ಲ. ಜೋರು ಎದುರಿನಾಕಿ ಕೊಡ್ತಾಳ ತಾಯಿ, ನೀ ಯಾಕ ಮತ್ತ ಹಾಕಬೇಕು?"

ಆಮೇಲೆ ಕಪ್ಪು ರಬ್ಬರಿನ ಒಂದು ಹಾಳೆ ಬಿಚ್ಚಿದರು. ದೇವಕಮ್ಮ ಕಂಡಿದ್ದ ರಬ್ಬರುಗಳೆಲ್ಲ ಮೇಲೆ ನುಣುಪು. ಇದರ ಮೈತುಂಬ ಸಣ್ಣ ಗುಳ್ಳೆಗಳು, ಜೋಳದ ಕಾಳಿನ ಸಾಲಿನಂತೆ. ಸ್ಪಂಜು ಉಗುರಿನಷ್ಟು ತೆಳ್ಳಗೆ.

"ಇದು ಎಡಗಡೀ ಹೊಡೆತಕ್ಕ. ಎದುರಿನಾಕಿ ಎಷ್ಟ ಸ್ಪಿನ್ ಹಾಕಿದ್ರೂ ಈ ಗುಳ್ಳಿ ಹೆಚ್ಚು ಹಿಡ್ಯೂದಿಲ್ಲ. ಸ್ಪಂಜ್ ತೆಳು, ಚೆಂಡು ಒಳಗ ಮುಳುಗಿ ಜಿಗಿಯೂದಿಲ್ಲ. ಇನ್ನೊಂದು ಕಡೀ ನುಣುಪು ಕೆಂಪ್ ರಬ್ಬರ್ ಹಾಕ್ಕೋ, ಅದೂ ಭಾಳ ದಪ್ಪ ಬ್ಯಾಡ. ಎರಡೂ ಕಡೀ ಗುಳ್ಳಿ ಹಾಕಿದ್ರ ಪಾಯಿಂಟ್ ಮುಗಸಾಕ ಆಗೂದಿಲ್ಲ ನಿನಗ."

"ಇದರಾಗ ಆಡಿದ್ರ ಗೆಲ್ತೀನೇನ್ರಿ?"

ಬಾಷುಮಿಯಾ ನಕ್ಕರು. "ಮೊದಲ ಒಂದು ತಿಂಗಳ ಎಲ್ಲಾರ ಕೈಯಾಗೂ ಸೋಲ್ತಿ. ಬಿಡಬ್ಯಾಡ."

ಊರಿಗೆ ಬಂದ ಮೇಲೆ ಹೊಸ ಬ್ಯಾಟಿನ ಹಿಡಿಕೆ ಆಕೆಯ ಸಣ್ಣ ಕೈಗೆ ದಪ್ಪವೆನಿಸಿತು. ತಿಮ್ಮಣ್ಣ ಬ್ಯಾಟನ್ನು ತಿರುಗಿಸಿ ನೋಡಿ, "ಸಲಿಕೀ ಕಾವು ಹೊಂದಲಿಲ್ಲ ಅಂದ್ರ ಅಂಗೈಯಾಗ ಬೊಕ್ಕಿ ಏಳ್ತಾವ. ಇದೂ ಹಂಗ," ಎಂದು ಅಂಗಳದಲ್ಲಿ ಕೂತು ಗಾಜಿನ ಚೂರಿನಿಂದ ಹಿಡಿಕೆಯನ್ನು ಹೆರೆಯತೊಡಗಿದ. ಎರಡು ಸಲ ಹೆರೆದು ಮಗಳ ಕೈಗೆ ಕೊಡುವುದು, ಆಕೆ ಹಿಡಿದು ನೋಡುವುದು, ಮತ್ತೆ ಹೆರೆಯುವುದು. ಅರ್ಧ ದಿನ ಹಿಡಿಯಿತು. ಸಂಜೆಗೆ ಬ್ಯಾಟು ಆಕೆಯ ಮುಷ್ಟಿಯಲ್ಲಿ ಸರಿಯಾಗಿ ಕೂತಿತು.

ಬಾಷುಮಿಯಾ ಹೇಳಿದಂತೆಯೇ ಆಯಿತು. ಗುಳ್ಳೆಯ ರಬ್ಬರಿಗೆ ತಾಗಿದ ಚೆಂಡು ಪದೇ ಪದೇ ನೆಟ್ಟಿಗೆ ಬೀಳುತ್ತಿತ್ತು. ಹಳೆಯ ಬ್ಯಾಟಿನಲ್ಲಿ ಬರೀ ಅಡ್ಡ ಹಿಡಿದರೆ ಸಾಕಿತ್ತು. ಇದಕ್ಕೆ ಕೊನೆಯಲ್ಲಿ ಮಣಿಕಟ್ಟಿನಿಂದ ಸ್ವಲ್ಪ ಮುಂದೂಡಬೇಕು. ಆಕೆ ಸೋಲುತ್ತಲೇ ಹೋದಳು. ಎರಡನೆಯ ತಿಂಗಳಲ್ಲಿ ಒಂದು ಸಂಜೆ ಶಾಂತಪ್ಪ ಹೊಡೆದ ಏಳು ಸ್ಮ್ಯಾಶ್ ಏಳೂ ತಿರುಗಿ ಬಂದವು, ಅದೂ ನೆಟ್ಟಿನ ಮೇಲೆ ತಗ್ಗಾಗಿ, ಜೀವವಿಲ್ಲದ ಹಾಗೆ. ಎಂಟನೆಯದನ್ನು ಶಾಂತಪ್ಪ ತಾವೇ ಹೊರಗೆ ಹೊಡೆದರು. ಅವತ್ತು ಮೊದಲ ಬಾರಿಗೆ ಅವರು, "ದೇವಕಮ್ಮ, ನೀವು ಈ ಕಡೀ ಬರ್ರಿ, ನಾ ಗೋಡೀ ಕಡೀ ನಿಂದರ್ತೀನಿ," ಎಂದರು.

"ಬ್ಯಾಡ್ರಿ ಸಾಹೇಬ್ರ," ಎಂದಳು ದೇವಕಮ್ಮ. "ನನಗ ಇಲ್ಲೇ ಬರೋಬ್ಬರಿ ಅದ."

1991ರ ಕೂಟ ಕಲಬುರಗಿಯಲ್ಲಿ. ಹೊರಡುವ ಹಿಂದಿನ ವಾರ ಕೆಂಪು ರಬ್ಬರಿನ ಅಂಚು ಹರಿಯಿತು. ಶಾಂತಪ್ಪ ತಮ್ಮಲ್ಲಿದ್ದ ಹೊಸ ಕಪ್ಪು ರಬ್ಬರನ್ನು ಪ್ರೀತಿಯಿಂದ ಕೊಟ್ಟರು. ಅಂಟಿಸಿಕೊಂಡು ಹೋದಳು. ಅಲ್ಲಿ ರೆಫರಿ ಬ್ಯಾಟನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು.

"ಎರಡೂ ಕಡೆ ಕಪ್ಪು ನಡೆಯೋದಿಲ್ಲಮ್ಮಾ. ಒಂದು ಕಪ್ಪು, ಒಂದು ಕೆಂಪು. ಯಾವ ರಬ್ಬರಿನಿಂದ ಆಡಿದ್ರಿ ಅಂತ ಎದುರಿನವರಿಗೆ ಕಾಣಬೇಕು. ಐದು ವರ್ಷ ಆಯ್ತು ನಿಯಮ ಬಂದು. ಅರ್ಧ ಗಂಟೆ ಟೈಮ್ ಕೊಡ್ತೀನಿ."

ಬಾಷುಮಿಯಾ ಕೆಂಪನ್ನೇ ಹಾಕಿಕೋ ಎಂದದ್ದು ಯಾಕೆಂದು ಆಗ ತಿಳಿಯಿತು. ದೇವಕಮ್ಮ ಬ್ಯಾಟು ಹಿಡಿದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತಳು. ಅಪ್ಪ ಹೆರೆದ ಹಿಡಿಕೆ, ಎಂಟು ತಿಂಗಳ ಆಟ, ಎಲ್ಲ ಒಂದು ಬಣ್ಣಕ್ಕೆ ನಿಂತುಹೋಯಿತಲ್ಲ ಎಂದುಕೊಂಡಳು. ಆಗ ಯಾರೋ ಪಕ್ಕದಲ್ಲಿ ಬಂದು ಕೂತರು. ಕಲ್ಯಾಣಮ್ಮ.

"ಏನಾತು? ಹೇಳು."

ದೇವಕಮ್ಮ ಹೇಳಿದಳು. ಕಲ್ಯಾಣಮ್ಮ ಚೀಲದಿಂದ ತನ್ನ ಎರಡನೆಯ ಬ್ಯಾಟು ತೆಗೆದು, ಅದರ ಕೆಂಪು ರಬ್ಬರಿನ ಮೂಲೆಗೆ ಉಗುರು ಹಾಕಿ, ಬ್ಯಾಂಡೇಜು ಬಿಚ್ಚುವವಳ ಹಾಗೆ ಸರಕ್ಕನೆ ಕಿತ್ತಳು.

"ಅಕ್ಕಾ, ಏನ್ ಮಾಡಿದ್ರಿ ಇದು!"

"ಇನ್ನೊಂದು ಬ್ಯಾಟ್ ಅದ ನನಗ. ಏಳು, ಸೈಕಲ್ ಅಂಗಡಿಗಿ ಹೋಗೋಣು."

ಮೈದಾನದ ಗೇಟಿನೆದುರು ಪಂಕ್ಚರ್ ಅಂಗಡಿಯಿತ್ತು. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ಬೇಡಿ ಪಡೆದು, ಶಾಂತಪ್ಪನವರ ಕಪ್ಪು ರಬ್ಬರನ್ನು ಕಿತ್ತು, ಕಟ್ಟಿಗೆಗೂ ಕೆಂಪು ರಬ್ಬರಿಗೂ ತೆಳ್ಳಗೆ ಸವರಿ ಇಬ್ಬರೂ ಬಾಯಿಂದ ಊದುತ್ತ ನಿಂತರು. ಒಣಗಿದ ಮೇಲೆ ಒತ್ತಿ ಕೂರಿಸಿ, ಅಂಚನ್ನು ಬ್ಲೇಡಿನಿಂದ ಕತ್ತರಿಸಿದರು. ರೆಫರಿ ನೋಡಿ ಒಪ್ಪಿದರು.

ಫೈನಲಿನಲ್ಲಿ ಎದುರಾದವರು ಅವರಿಬ್ಬರೇ. ಆ ಹಾಲ್ ದೊಡ್ಡದು, ಹಿಂದೆ ಬೇಕಾದಷ್ಟು ಜಾಗ. ಆದರೂ ದೇವಕಮ್ಮ ಟೇಬಲ್ ಬಿಟ್ಟು ಒಂದು ಹೆಜ್ಜೆ ಹಿಂದೆ ಹೋಗಲಿಲ್ಲ. ಹೊಸದಾಗಿ ಅಂಟಿಸಿದ ಕೆಂಪು ರಬ್ಬರಿನಿಂದ ಚೆಂಡು ಜಾಸ್ತಿ ಹಾರುತ್ತಿತ್ತು. ಮೊದಲ ಗೇಮು ಇಪ್ಪತ್ತೊಂದು–ಹದಿನೈದು, ಕಲ್ಯಾಣಮ್ಮನದು. ಎರಡನೆಯದರಲ್ಲಿ ದೇವಕಮ್ಮ ಬಲಗಡೆಗೆ ಬಂದ ಚೆಂಡಿಗೂ ಪಕ್ಕಕ್ಕೆ ಸರಿದು ಗುಳ್ಳೆಯ ಕಡೆಯನ್ನೇ ಒಡ್ಡಿದಳು. ಕಲ್ಯಾಣಮ್ಮ ಹೊಡೆದಳು, ಚೆಂಡು ತಿರುಗಿ ಬಂತು. ಮತ್ತೆ ಹೊಡೆದಳು, ಮತ್ತೆ ಬಂತು. ಸತ್ತ ಚೆಂಡನ್ನು ಎತ್ತಲು ಆಕೆ ಮುಂದೆ ಓಡಬೇಕಾಯಿತು. ಇಪ್ಪತ್ತೊಂದು–ಹದಿನೇಳು, ದೇವಕಮ್ಮನಿಗೆ. ಪಕ್ಕದ ಟೇಬಲ್ಲಿನವರು ಆಟ ನಿಲ್ಲಿಸಿ ಇತ್ತ ತಿರುಗಿ ನಿಂತರು.

ಮೂರನೆಯದರಲ್ಲಿ ಹತ್ತೊಂಬತ್ತಕ್ಕೆ ಸಮ. ಒಂದು ಚೆಂಡನ್ನು ಕಲ್ಯಾಣಮ್ಮ ಹದಿನಾಲ್ಕು ಸಲ ಹೊಡೆದಳು, ಹದಿನೈದನೆಯದಕ್ಕೆ ಮೂಲೆ ಸಿಕ್ಕಿತು. ಆಕೆಯ ಮುಂದಿನ ಹೊಡೆತ ನೆಟ್ಟಿಗೆ ತಾಗಿ ದೇವಕಮ್ಮನ ಕಡೆ ಬಿತ್ತು. ಇಪ್ಪತ್ತೊಂದು–ಹತ್ತೊಂಬತ್ತು, ಕಲ್ಯಾಣಮ್ಮನಿಗೆ. ಆಟ ಮುಗಿಯಿತು.

ಕಲ್ಯಾಣಮ್ಮ ಟೇಬಲ್ ಸುತ್ತಿ ಬಂದು ಕೈ ಹಿಡಿದಳು. ಇಬ್ಬರಿಗೂ ಉಸಿರು ಹತ್ತುತ್ತಿತ್ತು.

"ನಿನ್ನ ಎದುರಿಗಿ ನಾ ಇನ್ನ ಆಡಾಕಿ ಅಲ್ಲವ್ವಾ," ಎಂದಳು. "ನನ್ನ ಬಾಜೂಕ ನಿಂದ್ರು. ನೀ ತಡಿ, ನಾ ಹೊಡೀತೀನಿ."

ದೇವಕಮ್ಮ ಸೋತ ಬೇಸರವನ್ನು ಹುಡುಕಿದಳು, ಅದು ಸಿಗಲಿಲ್ಲ. ಹೂಂ ಎಂದಳು.

ಮುಂದಿನ ವರ್ಷದಿಂದ ಅವರು ಡಬಲ್ಸ್ ಜೋಡಿಯಾದರು. ಭಾನುವಾರ ಕಲ್ಯಾಣಮ್ಮ ಸುರಪುರದಿಂದ ಬಸ್ಸಿಗೆ ಬರುವಳು, ಬಾಲಮ್ಮನ ಕೈಯ ರೊಟ್ಟಿ ಉಂಡು ಸಂಜೆಯವರೆಗೆ ಇಬ್ಬರೂ ಗೋದಾಮಿನಲ್ಲಿ ಆಡುವರು. 1994ರಲ್ಲಿ ರಾಜ್ಯ ಮಟ್ಟದ ಕೂಟದಲ್ಲಿ ಮೂರನೆಯ ಸ್ಥಾನ ಬಂತು. ಅದಕ್ಕಿಂತ ಮೇಲೆ ಅವರು ಹೋಗಲಿಲ್ಲ, ಹೋಗಬೇಕೆಂಬ ಹಟವೂ ಇರಲಿಲ್ಲ.

2000ದ ನಂತರ ಚೆಂಡು ದೊಡ್ಡದಾಯಿತು, ಗೇಮು ಹನ್ನೊಂದು ಪಾಯಿಂಟಿಗೆ ಇಳಿಯಿತು. ದೊಡ್ಡ ಚೆಂಡು ನಿಧಾನ ಬರುವುದರಿಂದ ದೇವಕಮ್ಮ ಮೊದಲ ಬಾರಿಗೆ ತುಸು ದಪ್ಪ ಸ್ಪಂಜು ಹಾಕಿಸಿದಳು. ಅದೇ ಹೊತ್ತಿಗೆ ಕಲ್ಯಾಣಮ್ಮನ ಮೊಣಕಾಲು ನೋಯತೊಡಗಿತು. ಹಿಂದೆ ಓಡಿ ಹೊಡೆಯುವ ಆಟ ಇನ್ನು ಆಗದು ಎಂದು ಸ್ವತಃ ನರ್ಸ್ ಆದ ಆಕೆಗೆ ಗೊತ್ತಿತ್ತು. ಆಟವನ್ನೇ ಬಿಡುತ್ತೇನೆ ಎಂದಾಗ ದೇವಕಮ್ಮ ಆಕೆಗಾಗಿ ಒಂದು ನಿಧಾನದ ಬ್ಯಾಟನ್ನು ಅಂಚೆಯಲ್ಲಿ ತರಿಸಿದಳು.

ಆ ಭಾನುವಾರ ಕಲ್ಯಾಣಮ್ಮ ಜೀವನದಲ್ಲಿ ಮೊದಲ ಸಲ ಟೇಬಲ್ಲಿಗೆ ಅಂಟಿಕೊಂಡು ನಿಂತಳು. ಕೈ ತಾನಾಗಿ ಬೀಸಲು ಹೋಗುತ್ತಿತ್ತು, ಬಯ್ದುಕೊಂಡು ತಡೆಯುತ್ತಿದ್ದಳು. ಇಪ್ಪತ್ತು ಚೆಂಡು ಹಾಳಾದವು. ಇಪ್ಪತ್ತೊಂದನೆಯದು ಬ್ಯಾಟಿಗೆ ತಾಗಿ, ಮೆಲ್ಲಗೆ ನೆಟ್ಟು ದಾಟಿ, ಆಚೆ ಬಿದ್ದು ಅಲ್ಲೇ ನಿಂತಿತು.

"ಅಯ್ಯ, ದಾಟಿ ಹೋತಲ್ಲ!" ಎಂದಳು ಕಲ್ಯಾಣಮ್ಮ.

"ಹೋತ್ರಿ ಅಕ್ಕಾ," ಎಂದು ದೇವಕಮ್ಮ ಚೆಂಡು ಎತ್ತಿಕೊಂಡು ಇನ್ನೊಂದು ಹಾಕಿದಳು.