ಆನೆ ಹಾಜರಿ

ನಮ್ಮ ಶಾಲೆಯ ಗಂಟೆ ಎಂದರೆ ರೈಲು ಹಳಿಯ ಒಂದು ತುಂಡು. ಕೊಳ್ಳೇಗಾಲಕ್ಕೇ ಇನ್ನೂ ರೈಲು ಬಂದಿಲ್ಲ. ಲೊಕ್ಕನಹಳ್ಳಿಯಿಂದಲೂ ಆಚೆ, ಕಾಡಿನಂಚಿನಲ್ಲಿರುವ ಈ ಊರಿಗೆ ಹಳಿಯ ತುಂಡು ಹೇಗೆ ಬಂತೋ ಯಾರಿಗೂ ಗೊತ್ತಿಲ್ಲ. ಅಂಗಳದ ಹುಣಸೆಮರದ ಕೊಂಬೆಗೆ ಅದನ್ನು ಸರಪಳಿಯಲ್ಲಿ ನೇತುಹಾಕಿದ್ದಾರೆ. ಸಲಾಕೆಯಿಂದ ಹೊಡೆದರೆ ಸದ್ದು ಊರು ದಾಟಿ, ಹೊಲಗಳನ್ನು ದಾಟಿ, ಕಾಡಿನವರೆಗೂ ಹೋಗುತ್ತದೆ.

ಈ ಗಂಟೆಗೆ ಒಂದು ಪದ್ಧತಿಯಿದೆ. ಶಾಲಾವರ್ಷದ ಕೊನೆಯ ದಿನ ಫಲಿತಾಂಶ ಓದಿ, ಬಹುಮಾನ ಹಂಚಿ, ಏಳನೇ ತರಗತಿಯವರನ್ನು ಬೀಳ್ಕೊಟ್ಟ ಮೇಲೆ, ವರ್ಷದ ಕೊನೆಯ ಗಂಟೆಯನ್ನು ಮೇಷ್ಟ್ರುಗಳು ಬಾರಿಸುವುದಿಲ್ಲ. ಏಳನೆಯವರಲ್ಲಿ ಯಾರ ಹಾಜರಿ ಎಲ್ಲರಿಗಿಂತ ಹೆಚ್ಚೋ ಆ ಮಗು ಬಾರಿಸಬೇಕು. ಕೈ ಸೋಲುವವರೆಗೆ ಬಾರಿಸಬಹುದು, ಯಾರೂ ಸಾಕು ಅನ್ನುವಂತಿಲ್ಲ. ಹೆಚ್ಚು ಅಂಕ ತೆಗೆದವರಿಗೆ ನಾವು ಪೆನ್ನೋ ನಿಘಂಟೋ ಕೊಡುತ್ತೇವೆ. ಅದು ಯಾರಿಗೆ ಬಂತೆಂದು ಒಂದು ವಾರ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ಗಂಟೆ ಹಾಗಲ್ಲ. ಮದುವೆಯಾಗಿ ಮಕ್ಕಳಾದ ಹೆಂಗಸರೂ ಈ ಊರಿನಲ್ಲಿ “ನಮ್ ವರ್ಸ ಗಂಟೆ ಬಾರ್ಸುದ್ದು ನಾನೇ ಕಣ್ ಮಿಸ್” ಅನ್ನುತ್ತಾರೆ.

ನಾನು ಈ ಶಾಲೆಗೆ ಬಂದು ಹದಿನೇಳು ವರ್ಷವಾಯಿತು. ಹುಟ್ಟಿದ್ದು ಯಳಂದೂರು, ಮನೆ ಮಾಡಿರುವುದು ಕೊಳ್ಳೇಗಾಲದಲ್ಲಿ, ದಿನವೂ ಬಸ್ಸು. ಕೋಪ ನನಗೆ ಮೂಗಿನ ತುದಿಯಲ್ಲೇ ಇದೆ ಎಂದು ಮನೆಯಲ್ಲೂ ಹೇಳುತ್ತಾರೆ, ಶಾಲೆಯಲ್ಲೂ ಹೇಳುತ್ತಾರೆ. ಅದರಲ್ಲೂ ಹಾಜರಿಯ ವಿಷಯಕ್ಕೆ ಬಂದರೆ ನಾನು ಯಾರ ಮಾತನ್ನೂ ಕೇಳುವವಳಲ್ಲ. ಒಂದು ದಿನ ತಪ್ಪಿಸಿದ ಮಗುವನ್ನು ಮರುದಿನ ಬಾಗಿಲಲ್ಲೇ ನಿಲ್ಲಿಸಿ ಕಾರಣ ಕೇಳುತ್ತಿದ್ದೆ. ಅದರಿಂದ ಶಾಲೆ ತುಂಬಿತು ನಿಜ. ಆದರೆ ಒಮ್ಮೆ ಆಗಬಾರದ್ದೊಂದು ಆಗುವುದರಲ್ಲಿತ್ತು.

ನಮ್ಮ ಕಡೆ ಹೊಲಗಳ ನಡುವೆ, ದನದ ಕೊಟ್ಟಿಗೆಗಳ ಸಮೇತ ಕಟ್ಟಿಕೊಂಡ ಮೂರು ನಾಲ್ಕು ಮನೆಗಳ ಗುಂಪಿಗೆ ದೊಡ್ಡಿ ಅನ್ನುತ್ತಾರೆ. ನಮ್ಮ ಊರಿನ ಆಚೆಯೂ ಅಂಥದ್ದೊಂದಿದೆ, ಊರಿಂದ ಅಲ್ಲಿಗೆ ಕಾಲುದಾರಿಯಷ್ಟೇ. ಒಂದು ಬೆಳಿಗ್ಗೆ ಅಲ್ಲಿನ ಮೂರನೇ ತರಗತಿಯ ಮಗುವೊಂದು, ದಾರಿಯ ಪಕ್ಕದ ಜೋಳದ ಹೊಲದಲ್ಲಿ ಆನೆಗಳು ಇವೆಯೆಂದು ಗೊತ್ತಿದ್ದೂ, ಮಿಸ್ ಬಯ್ಯುತ್ತಾರೆ ಎಂಬ ಭಯಕ್ಕೆ ಮನೆಯವರ ಕಣ್ಣು ತಪ್ಪಿಸಿ ಹೊರಟುಬಿಟ್ಟಿತ್ತು. ಅರಣ್ಯ ಇಲಾಖೆಯ ವಾಚರ್ ಒಬ್ಬ ಕೈಹಿಡಿದು ಕರೆತಂದು ಬಿಟ್ಟಾಗ ಅದರ ಹಲ್ಲು ಕಟಕಟ ಅನ್ನುತ್ತಿತ್ತು. ಅವತ್ತು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ದಿನದಿಂದ ನಾನೇ ಒಂದು ಏರ್ಪಾಡು ಮಾಡಿದೆ. ದಾರಿಯಲ್ಲಿ ಆನೆ ಇದ್ದರೆ ದೊಡ್ಡಿಯವರು ಫೋನು ಮಾಡಬೇಕು, ಮಕ್ಕಳನ್ನು ಕಳಿಸಬಾರದು. ಮಕ್ಕಳು ಮನೆಯಲ್ಲೇ ಎರಡು ಪುಟ ಬರೆದು ಮರುದಿನ ತೋರಿಸಬೇಕು. ತೋರಿಸಿದರೆ ಅವರಿಗೆ ಹಾಜರಿ, ಪಕ್ಕದಲ್ಲಿ ಕೆಂಪು ಪೆನ್ನಿನ ಒಂದು ಚುಕ್ಕೆ. ಬಿಸಿಯೂಟದ ಲೆಕ್ಕಕ್ಕೆ ಮಾತ್ರ ಅವರನ್ನು ಸೇರಿಸುತ್ತಿರಲಿಲ್ಲ. “ಅದು ಅವರ ತಪ್ಪಲ್ಲವಲ್ಲ” ಎಂದು ಹೆಡ್‌ಮಾಸ್ಟರರೂ ಒಪ್ಪಿದರು. ಮಕ್ಕಳು ಅದಕ್ಕೆ ಆನೆ ಹಾಜರಿ ಎಂದು ಹೆಸರಿಟ್ಟರು.

ಹೋದ ವರ್ಷ ಏಳನೇ ತರಗತಿಯಲ್ಲಿ ಒಂಬತ್ತು ಮಕ್ಕಳು. ಅವರಲ್ಲೊಬ್ಬಳು ದೊಡ್ಡಿಯ ಹುಡುಗಿ. ಮಾತು ಕಡಿಮೆ, ಅಕ್ಷರ ಮುತ್ತಿನ ಹಾಗೆ. ಅಪ್ಪ ಕುಂತೂರಿನ ಕಡೆ ಕಬ್ಬು ಕಡಿಯಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವ್ವ ದನಗಳನ್ನು ಬಿಟ್ಟು ಅಲುಗಾಡುವಂತಿರಲಿಲ್ಲ, ಹಾಗಾಗಿ ಏಳು ವರ್ಷದಲ್ಲಿ ಒಂದು ಸಲವೂ ಶಾಲೆಗೆ ಬಂದವಳಲ್ಲ. ದಸರಾ ರಜೆ ಮುಗಿದು ಬಂದ ದಿನ ಈ ಹುಡುಗಿ ನನ್ನ ಮೇಜಿನ ಪಕ್ಕ ನಿಂತು, “ಮಿಸ್, ಇದುವರ್ಗೂ ಒಂದ್ ದಿನಾನೂ ತಪ್ಪುಸ್ಕಂಡಿಲ್ಲ. ಇಂಗೇ ಬಂದ್ರೆ ಗಂಟೆ ನಂದೇ ಅಲ್ವಾ?” ಅಂದಳು. ಹೌದು ಅಂದೆ. “ನಮ್ಮವ್ವಂಗೆ ಏಳಿವ್ನಿ. ಫಂಕ್ಸನ್‌ಗೆ ಬರಕ್ಕಾಗಲ್ಲ, ಆದ್ರೆ ದೊಡ್ಡಿಗಂಟ ಸದ್ದು ಕೇಳ್ತದೆ. ನಿಂತ್ಕಂಡು ಕೇಳ್ತೀನಿ ಅಂದವ್ಳೆ” ಅಂದಳು. ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಪರೀಕ್ಷೆ ಮುಗಿದ ವಾರ ಹಾಜರಿ ಪುಸ್ತಕ ತೆಗೆದು ಕೂತೆ. ದೊಡ್ಡಿಯ ಹುಡುಗಿಯದು ಪೂರ್ತಿ ಹಾಜರಿ. ಊರೊಳಗಿನ ಇನ್ನೊಬ್ಬ ಹುಡುಗಿಯದು ಒಂದೇ ದಿನ ಕಡಿಮೆ. ಅವಳ ಮನೆ ಶಾಲೆಯ ಎದುರು ಸಾಲಿನಲ್ಲೇ ಇದೆ. ನಾಯಿ ಕಚ್ಚಿ ಹನೂರಿನ ಆಸ್ಪತ್ರೆಗೆ ಸೂಜಿಗೆ ಹೋಗಿದ್ದ ದಿನ ಅದು. ಅವಳ ತಾಯಿ ನಮ್ಮ ಶಾಲಾ ಸಮಿತಿಯ ಸದಸ್ಯೆ, ನಾಲ್ಕು ಜನರ ಎದುರು ನಿಂತು ಮಾತಾಡಬಲ್ಲ ಹೆಂಗಸು. ಮರುದಿನವೇ ಆಫೀಸಿನ ಕೋಣೆಗೆ ಬಂದರು.

“ಮಿಸ್, ನನ್ ಕೂಸು ಜ್ವರ ಬಂದಾಗ್ಲೂವೆ ಬಂದವ್ಳೆ. ಆ ದೊಡ್ಡಿ ಕೂಸು ಮನೇಲಿ ಕೂತಿದ್ ದಿನುಕ್ಕೂ ಆಜ್ರಿ ಆಕ್ಬುಟ್ಟು, ಅವ್ಳ್‌ಗೇ ಗಂಟೆ ಕೊಡ್ತೀರಲ್ಲ, ಇದ್ಯಾವ್ ನ್ಯಾಯ? ಸಾ, ನೀವಾದ್ರೂ ಏಳಿ!”

ಹೆಡ್‌ಮಾಸ್ಟರರು ನನ್ನ ಮುಖ ನೋಡಿದರು. ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಂಪು ಚುಕ್ಕೆಗಳನ್ನು ಎಣಿಸಿದೆ, ಹದಿನಾಲ್ಕಿದ್ದವು. ಹಾಜರಿಯಲ್ಲಿ ನಾನು ಪಕ್ಷಪಾತ ಮಾಡಿದೆ ಅನ್ನುವ ಮಾತು ನನ್ನ ಮುಖಕ್ಕೆ ಹೊಡೆದ ಹಾಗಾಗಿತ್ತು. ಆ ಉರಿಯಲ್ಲೇ, “ಹಾಗಾದರೆ ಚುಕ್ಕೆ ಇರುವ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟೆ ನಿಮ್ಮ ಮಗಳಿಗೇ” ಅಂದುಬಿಟ್ಟೆ. ಒಂದು ದಿನ ಯೋಚಿಸಿ ಹೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ.

ಮಧ್ಯಾಹ್ನ ದೊಡ್ಡಿಯ ಹುಡುಗಿಯನ್ನು ಕರೆದು ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕೇಳಿದಳು:

“ಮಿಸ್, ರೋಡಲ್ಲಿ ಆನೆ ಇದ್ದಾಗ ನಿಮ್ ಬಸ್ಸೂ ತಿರುವ್ನಲ್ಲೇ ನಿಂತ್ಕತದೆ. ಎಲ್ಡ್ ಸಲ ತಿರುಗುಸ್ಕಂಡು ವಾಪಸ್ ಓಯ್ತು. ನಮ್ ದೊಡ್ಡಿಯಿಂದ ಕಾಣ್ತದೆ. ಅವತ್ತು ನಿಮ್ಗೆ ಆಜ್ರಿ ಆಕುದ್ರಾ, ಇಲ್ವಾ?”

ಹಾಕಿದ್ದರು. ಬಸ್ಸು ತಡವಾದ ದಿನ ಹನ್ನೊಂದಕ್ಕೆ ಬಂದು, ಶಾಲೆ ಶುರುವಾಗುವ ಹೊತ್ತಿಗೇ ಬಂದೆನೆಂದು ಸಹಿ ಮಾಡಿದ್ದೆ. ಬಸ್ಸು ಹಿಂದಕ್ಕೆ ಹೋದ ಆ ಎರಡು ದಿನಗಳಿಗೂ ಮರುದಿನ ಸಹಿ ಮಾಡಿದ್ದೆ. “ಅದು ನಿಮ್ಮ ತಪ್ಪಲ್ಲವಲ್ಲ ಮೇಡಂ, ಸೈನ್ ಹಾಕಿ” ಎಂದು ಹೆಡ್‌ಮಾಸ್ಟರರೇ ಪುಸ್ತಕ ಮುಂದಕ್ಕೆ ತಳ್ಳಿದ್ದರು. ನಾನು ಎರಡು ಪುಟ ಬರೆದೂ ತೋರಿಸಿರಲಿಲ್ಲ.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. “ದೊಡ್ಡವರ ಹಾಜರಿ ನಿನಗ್ಯಾಕೆ? ತಲೆಹರಟೆ ಮಾಡಬೇಡ, ಹೋಗು” ಎಂದು ಗದರಿಸಿದೆ. ಹೋದಳು.

ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ತಿರುವು ಬಂದಾಗ ನೋಡಿದೆ. ಹುರುಳಿ ಕಿತ್ತ ಬೋಳು ಹೊಲದ ಆಚೆ, ನಾಲ್ಕು ಹೆಂಚಿನ ಮನೆ, ಒಂದು ಹುಲ್ಲಿನ ಮೆದೆ. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ಅಲ್ಲಿಂದ ಬಸ್ಸು ಕಾಣುತ್ತದೆ, ಯಾರೋ ನಿಂತು ನೋಡುತ್ತಿರುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ಮನೆಗೆ ಹೋಗಿ ಮುದ್ದೆ ಮುರಿದವಳು ಹಾಗೇ ಕೂತಿದ್ದೆ.

ಮರುದಿನ ಹೋಗಿ ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ಊರಿನ ಹುಡುಗಿ ಗಂಟೆ ತನ್ನದೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವಳೇನು ತಪ್ಪು ಮಾಡಿದ್ದಳು? ಅವಳಿಂದ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಆಡಿದ ಮಾತನ್ನು ತಪ್ಪು ಎಂದು ಒಪ್ಪಿಕೊಳ್ಳುವುದು ನನಗೆ ಬಾರದ ವಿದ್ಯೆ, ನಿಜವಾದ ಕಾರಣ ಅದೇ.

ಕೊನೆಯ ದಿನ ಎಂದಿನಂತೆ ನಡೆಯಿತು. ಮಕ್ಕಳು ಅಂಗಳಕ್ಕೆ ನೀರು ಹೊಡೆದು, ಮಾವಿನ ಎಲೆಯ ತೋರಣ ಕಟ್ಟಿದರು. ಏಳನೆಯವರು ಹೋಗುವಾಗ ಶಾಲೆಗೆ ಏನಾದರೂ ಕಾಣಿಕೆ ಕೊಡುವುದು ರೂಢಿ. ಎಷ್ಟು ಬೇಡವೆಂದರೂ ಪ್ರತಿ ವರ್ಷ ಗೋಡೆ ಗಡಿಯಾರವನ್ನೇ ತರುತ್ತಾರೆ. ಈ ಸಲವೂ ತಂದರು. ನಮ್ಮ ಶಾಲೆಯಲ್ಲಿ ಈಗ ಗೋಡೆಗಿಂತ ಗಡಿಯಾರ ಹೆಚ್ಚು, ಒಂದರ ಹೊತ್ತು ಇನ್ನೊಂದಕ್ಕೆ ಹೊಂದುವುದಿಲ್ಲ. ಪುಟ್ಟ ಮಕ್ಕಳು ಕುಣಿದರು. ಹೆಡ್‌ಮಾಸ್ಟರರು ಫಲಿತಾಂಶ ಓದಿದರು. ದೊಡ್ಡಿಯ ಹುಡುಗಿ ಕನ್ನಡದಲ್ಲಿ ಮೊದಲು ಬಂದಿದ್ದಳು, ಅವಳಿಗೆ ನಿಘಂಟು ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಬಾಗಿದಳು, ಮುಖ ನೋಡಲಿಲ್ಲ.

ಆಮೇಲೆ ಗಂಟೆಯ ಹೆಸರು ಹೇಳುವುದು ನನ್ನ ಕೆಲಸ. ಮೈಕು ಕೈಯಲ್ಲಿತ್ತು. ಮುಂದಿನ ಸಾಲಿನಲ್ಲಿ ಊರಿನ ಹುಡುಗಿಯ ತಾಯಿ ಹೊಸ ಸೀರೆಯುಟ್ಟು ಕೂತಿದ್ದರು. ನನ್ನ ಹಾಜರಿಯ ವಿಷಯ, ಬಸ್ಸಿನ ವಿಷಯ, ಚುಕ್ಕೆಗಳ ವಿಷಯ ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿತು. ಬಾಯಿ ತೆರೆದೆ. ಊರಿನ ಹುಡುಗಿಯ ಹೆಸರಷ್ಟೇ ಬಂತು. ಆ ಹುಡುಗಿ ಓಡಿಬಂದು ಸಲಾಕೆ ತೆಗೆದುಕೊಂಡು ಬಾರಿಸಿದಳು. ಚೆನ್ನಾಗಿಯೇ ಬಾರಿಸಿದಳು, ಹುಣಸೆಮರದ ಗಿಳಿಗಳೆಲ್ಲ ಎದ್ದುಹೋದವು. ದೊಡ್ಡಿಯ ಹುಡುಗಿ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಅವ್ವ ಈಗ ಎಲ್ಲೋ ನಿಂತು ಕೇಳುತ್ತಿರುತ್ತಾಳೆ ಎಂದು ನನಗೆ ನೆನಪಾದದ್ದು ಆಗಲೇ.

ರಜೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಏಳನೆಯವರ ವರ್ಗಾವಣೆ ಪತ್ರಗಳನ್ನು ಬರೆಯಲು ನಾನೊಬ್ಬಳೇ ಶಾಲೆಗೆ ಬಂದಿದ್ದೆ. ದೊಡ್ಡಿಯ ಹುಡುಗಿ ಬಂದಳು. ಹಿಂದೆ ಅವಳ ಅವ್ವ. ದನಗಳನ್ನು ಯಾರಿಗೋ ಒಪ್ಪಿಸಿ, ಮೊದಲ ಸಲ ಶಾಲೆಯ ಗೇಟಿನೊಳಗೆ ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರದೆ ಬಾಗಿಲ ಹತ್ತಿರವೇ ನಿಂತು, ಮುಖವೆಲ್ಲ ನಗೆ ಮಾಡಿಕೊಂಡು ಹೇಳಿದಳು:

“ಗಂಟೆ ಕೇಳುಸ್ತು ಮಿಸ್! ದನ ನಿಲ್ಲುಸ್ಕಂಡು ಕೇಳ್ದೆ. ನಮ್ ಕೂಸು ಬಾರುಸ್ತಾವ್ಳೆ ಕಣಿ ಅಂತ ಪಕ್ಕದ ಮನೆಯೋರ್ಗೂ ಏಳ್ದೆ. ಎಷ್ಟೊತ್ತು ಬಾರ್ಸುದ್ಲು! ಚೆನ್ನಾಗ್ ಬಾರ್ಸುದ್ಲಾ ಮಿಸ್?”

ಹುಡುಗಿ ಅವ್ವನ ಬೆನ್ನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಅವ್ವನಿಗೆ ಅವಳು ಹೇಳಿಲ್ಲ ಎಂದು ಗೊತ್ತಾಯಿತು. ಹಾಜರಿಯಲ್ಲಿ ಒಂದು ಗೆರೆಯೂ ತಪ್ಪಾಗಬಾರದು ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದ ನಾನು, “ಹೂಂ ಕಣಮ್ಮ, ತುಂಬ ಚೆನ್ನಾಗಿ ಬಾರಿಸಿದಳು” ಅಂದೆ. ಹೇಳುವಾಗ ನನ್ನ ದನಿ ಒಂದು ಚೂರೂ ನಡುಗಲಿಲ್ಲ. ಹುಡುಗಿ ತಲೆ ತಗ್ಗಿಸಿದಳು.

ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊರಗೆ ಬಂದ ಮೇಲೆ ಅವ್ವ ಹುಣಸೆಮರದ ಕೆಳಗೆ ನಿಂತು, ಹಳಿಯ ತುಂಡನ್ನು ಎಮ್ಮೆಯ ಮೈ ಸವರುವ ಹಾಗೆ ಸವರಿದಳು. “ಇದೇಯಾ? ಎಂಗ್ ಬಾರ್ಸ್ದೆ, ಒಂದ್ ಸಲ ತೋರ್ಸು ಕೂಸೇ” ಅಂದಳು.

ಹುಡುಗಿ ನನ್ನ ಕಡೆ ನೋಡಿದಳು. ಆಫೀಸಿನ ಮೂಲೆಯಲ್ಲಿದ್ದ ಸಲಾಕೆಯನ್ನು ತಂದು ಅವಳ ಕೈಗೆ ಕೊಟ್ಟೆ. ಕೊಡುವಾಗ, “ತಪ್ಪು ನಂದೇ ಕಣವ್ವ” ಅಂದೆ. ಅವಳಿಗಷ್ಟೇ ಕೇಳುವ ಹಾಗೆ ಅಂದೆ, ಅಷ್ಟು ಹೊತ್ತಿಗಾದರೂ ಅನ್ನುವುದಕ್ಕೆ ಬಂತು. ಅವಳು ಎದುರು ಸಾಲಿನ ಮನೆಗಳತ್ತ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಸಲಾಕೆಯನ್ನು ಮೆಲ್ಲಗೆ, ಒಂದೇ ಒಂದು ಸಲ, ಹಳಿಗೆ ಮುಟ್ಟಿಸಿದಳು. ಟಿಣ್ ಅಂದಿತು. ಆ ಸದ್ದು ಗೇಟಿನವರೆಗೂ ಹೋಗಿರಲಿಕ್ಕಿಲ್ಲ.

“ಅವತ್ತು ಇನ್ನೂ ಜೋರಾಗಿತ್ತಲ್ಲ ಕೂಸೇ?” ಅಂದಳು ಅವ್ವ.

“ಅವತ್ತು ಎಲ್ಲಾರೂ ಇದ್ರು ಕಣವ್ವ” ಅಂದಳು ಹುಡುಗಿ.

ಅವರಿಬ್ಬರೂ ಹೋದ ಮೇಲೆ ಒಳಗೆ ಬಂದು ಮೇಷ್ಟ್ರುಗಳ ಹಾಜರಿ ಪುಸ್ತಕ ತೆಗೆದೆ. ಬಸ್ಸು ನಿಂತ ದಿನಗಳೂ, ವಾಪಸು ಹೋದ ಆ ಎರಡು ದಿನಗಳೂ ನನಗೆ ಚೆನ್ನಾಗಿ ನೆನಪಿದ್ದವು. ಕೆಂಪು ಪೆನ್ನು ತೆಗೆದುಕೊಂಡು ಆ ದಿನಗಳ ನನ್ನ ಸಹಿಯ ಪಕ್ಕದಲ್ಲಿ ಒಂದೊಂದೇ ಚುಕ್ಕೆ ಇಟ್ಟೆ.