ನಾನು ಬದಲಿಸಿದ ಕೊನೆಯ ಅಧ್ಯಾಯ

ಸರ್ವಮಂಗಳಕ್ಕನ ನೆನಪು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಅವರನ್ನು ನಂಬಿಸಿದವಳು ನಾನು. ಅವರು ಕಣ್ಣಾರೆ ಓದಿದ್ದನ್ನು ಓದಿಲ್ಲವೆಂದು ಎಲ್ಲರೆದುರು ಹೇಳಿದೆ. ಆಮೇಲೆ, ಅವರು ಹೇಳಿದ್ದು ನಿಜ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿಯನ್ನೂ ಅಳಿಸಿಹಾಕಿದೆ. ಇದಾಗಿ ಹತ್ತು ವರ್ಷದ ಮೇಲಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆಯುವುದು ನನಗೆ ಚೆನ್ನಾಗಿಯೇ ಬರುತ್ತದೆ — ತಪ್ಪು ಶುರುವಾದದ್ದು ಆ ಹೆಮ್ಮೆಯಿಂದಲೇ.

ನಾನು ಆಗ ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮನೆ ಹೊಳಲ್ಕೆರೆಯಲ್ಲಿ. ದಿನವೂ ಬಸ್ಸಿನ ಓಡಾಟ. ಓದಲು ಸಿಗುತ್ತಿದ್ದ ಹೊತ್ತೂ ಅದೇ. ಪರದೆಯ ಮೇಲೆ ಪುಸ್ತಕ ಓದುವ ಇ-ರೀಡರ್ ಎಂಬುದು ಆಗಿನ್ನೂ ಹೊಸತು, ನಮ್ಮ ಕಡೆ ಯಾರ ಕೈಯಲ್ಲೂ ಕಂಡಿರಲಿಲ್ಲ. ಆಸೆಪಟ್ಟು ಒಂದನ್ನು ತರಿಸಿಕೊಂಡೆ. ಅದರ ಗುಣವನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ಹಿಡಿದರೆ ಭಾರವಿಲ್ಲ. ಕಿಟಕಿಯ ಬಿಸಿಲು ನೇರ ಮೇಲೆ ಬಿದ್ದರೂ ಕಾಗದದ ಹಾಗೆಯೇ ಅಕ್ಷರ ಸ್ಪಷ್ಟ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಆ ಚಿಂತೆಯಿಲ್ಲ. ಒಂದು ಬೀರು ತುಂಬುವಷ್ಟು ಪುಸ್ತಕ ನನ್ನ ಬ್ಯಾಗಿನ ಮೂಲೆಯಲ್ಲಿ ಇರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಿತ್ತು.

ಕೊರತೆಗಳೂ ಇದ್ದವು. ಪರದೆಗೆ ತನ್ನದೇ ಬೆಳಕಿರಲಿಲ್ಲ. ಪುಟ ತಿರುವಿದಾಗಲೆಲ್ಲ ಒಮ್ಮೆ ಕಪ್ಪಾಗಿ, ತಡೆದು, ಮತ್ತೆ ಮೂಡುತ್ತಿತ್ತು. ಆದರೆ ದೊಡ್ಡ ಕೊರತೆಯೆಂದರೆ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಹಾಕಿದರೆ ಸಾಲುಸಾಲು ಖಾಲಿ ಚೌಕಗಳು. ಅಕ್ಷರ ಬಂದರೂ ಒತ್ತಕ್ಷರ ಒಂದು ಕಡೆ, ಮೂಲ ಅಕ್ಷರ ಇನ್ನೊಂದು ಕಡೆ.

ಸರ್ವಮಂಗಳಕ್ಕ ನಮ್ಮ ಬೀದಿಯವರೇ, ನನಗಿಂತ ಬಹಳ ಹಿರಿಯರು. ಪೇಟೆಯಲ್ಲಿ ಸೀರೆ ಅಂಗಡಿ ನಡೆಸುತ್ತಿದ್ದರು. ಯಾವ ಮನೆಯ ಯಾವ ಮದುವೆಗೆ ಯಾವ ಬಣ್ಣದ ಸೀರೆ ಹೋಯಿತು ಎಂಬುದು ಅವರ ಬಾಯಲ್ಲೇ ಇರುತ್ತಿತ್ತು. ನಮ್ಮ ಹೆಂಗಸರ ಓದುಬಳಗಕ್ಕೂ ಅವರೇ ಜೀವ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಅಕ್ಕ ಪುಸ್ತಕ ಮುಟ್ಟದೆ ಇಡೀ ಕಾದಂಬರಿಯನ್ನು ಹೇಳುತ್ತಿದ್ದರು — ಕಾಫಿ ಆರಿಹೋದರೂ ನಾವು ಲೋಟ ಎತ್ತುತ್ತಿರಲಿಲ್ಲ. ಅಂಥವರಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಅಚ್ಚಿನ ಅಕ್ಷರ ಮಸುಕಾಯಿತು. ನಾನು ಓದಿ ಹೇಳುತ್ತೇನೆ ಎಂದರೆ ಒಪ್ಪಲಿಲ್ಲ.

"ಇನ್ನೊಬ್ರು ಓದಿದ್ರೆ ನಂಗೆ ಹತ್ತಲ್ಲ ಕಣೇ ಲಲಿತಾ," ಅಂದರು. "ನನ್ನ ಕಣ್ಣಾಗೇ ಸಾಲು ಓಡ್ಬೇಕು."

ನಾನೊಂದು ದಾರಿ ಹುಡುಕಿದೆ. ಕಂಪ್ಯೂಟರಿನಲ್ಲಿ ಕನ್ನಡವನ್ನು ದಪ್ಪ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಪರದೆಯ ಅಳತೆಗೆ ಸಣ್ಣ ಸಣ್ಣ ಪುಟ ಮಾಡಿ, ಪಿಡಿಎಫ್ ಆಗಿ ಹಾಕಿದರೆ ಒಂದು ಒತ್ತೂ ಕದಲದೆ ಮೂಡುತ್ತಿತ್ತು. ಮೊದಲು ಒಂದೆರಡು ಸಣ್ಣ ಕಥೆ ಹಾಕಿ ನೋಡಿ, ಆಮೇಲೆ ಬಳಗ ಓದಲು ಆರಿಸಿದ್ದ ಒಂದು ಹಳೆಯ ಕಾದಂಬರಿಯನ್ನು ಹಾಗೆ ಟೈಪ್ ಮಾಡತೊಡಗಿದೆ. ಮೊದಲ ಅಧ್ಯಾಯ ತೆರೆದು ಕೈಗೆ ಕೊಟ್ಟಾಗ ಅಕ್ಕ ಅದನ್ನು ಕಣ್ಣಿನ ಹತ್ತಿರ ಹಿಡಿದರು. ತುಟಿ ಅಲ್ಲಾಡುತ್ತಿತ್ತು. ಓದುತ್ತಿದ್ದರು. ಅದನ್ನು ಅವರು ಸ್ಲೇಟು ಅನ್ನುತ್ತಿದ್ದರು. ಹೊಸ ಅಧ್ಯಾಯ ಸೇರಿಸಬೇಕಾದಾಗ ಮಾತ್ರ ನಾನು ಅದನ್ನು ಮನೆಗೆ ತರುತ್ತಿದ್ದೆ. ಉಳಿದಂತೆ ಅದು ಅವರ ಮಡಿಲಲ್ಲೇ.

ಇಷ್ಟರವರೆಗೆ ನಾನು ಒಳ್ಳೆಯವಳು.

ಕೊನೆಯ ಅಧ್ಯಾಯ ಉಳಿದಿತ್ತು. ಪರೀಕ್ಷೆಯ ಪೇಪರುಗಳು ಮೇಜಿನ ಮೇಲೆ ಗುಡ್ಡೆಯಾಗಿದ್ದವು, ಬಳಗ ಸೇರುವ ಭಾನುವಾರ ಹತ್ತಿರ ಬಂದಿತ್ತು. ಆ ಅಧ್ಯಾಯದಲ್ಲಿ ಕಥೆಯ ವಿಧವೆ ಹೆಂಗಸು ಎಲ್ಲರಿಂದ ಬೈಸಿಕೊಂಡು, ಜ್ವರ ಬಂದು, ಪುಟಗಟ್ಟಲೆ ನರಳಿ ಸಾಯುತ್ತಾಳೆ. ನನಗೆ ಸಿಟ್ಟು ಬಂತು. ಇವಳು ಯಾಕೆ ಸಾಯಬೇಕು ಅನ್ನಿಸಿತು. ಅದನ್ನಷ್ಟೂ ಬಿಟ್ಟೆ. ಅವಳು ಗಂಡನ ಮನೆ ಬಿಟ್ಟು ಹೊರಟು, ಬೇರೊಂದು ಊರಿನಲ್ಲಿ ಮಗ್ಗ ಹೂಡಿ ಬದುಕಿದಳು ಎಂದು ನಾನೇ ನಾಲ್ಕು ಪುಟ ಬರೆದು ಸೇರಿಸಿದೆ. ಸೋಮಾರಿತನವೋ, ಮರುಕವೋ, ಆ ಲೇಖಕರಿಗಿಂತ ನಾನೇ ಮೇಲು ಎಂಬ ಅಹಂಕಾರವೋ — ಹಿಂದೆಲ್ಲ ಮರುಕ ಎಂದೇ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ. ಮರುಕವಾಗಿದ್ದರೆ ಅಕ್ಕನಿಗೆ ಒಂದು ಮಾತು ತಿಳಿಸುತ್ತಿದ್ದೆ.

ಭಾನುವಾರ ಅಕ್ಕ ಕಥೆ ಹೇಳಿದರು. ಅಷ್ಟು ಚೆನ್ನಾಗಿ ಅವರು ಹಿಂದೆಂದೂ ಹೇಳಿರಲಿಲ್ಲ. ಕೊನೆಗೆ ಬಂದಾಗ ಅವರ ಮುಖ ಬೆಳಗಿತು. "ಬರೆಯೋರೆಲ್ರೂ ಇಂಥೋರ್ನ ಸಾಯ್ಸಿ ಕೈ ತೊಳ್ಕಂತಾರೆ. ಇವ್ರು ನೋಡ್ರಿ, ಅವ್ಳ ಕೈಗೆ ಮಗ್ಗ ಕೊಟ್ರು," ಅಂದರು.

ಉಳಿದವರೆಲ್ಲ ಅಚ್ಚಿನ ಪುಸ್ತಕವನ್ನೇ ಕೈಯಿಂದ ಕೈಗೆ ದಾಟಿಸಿ ಓದಿದ್ದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ನಾಗರತ್ನಮ್ಮ ಮೆಲ್ಲಗೆ ಕೇಳಿದರು. "ಅಕ್ಕಾ, ಅವ್ಳು ಸಾಯ್ತಾಳಲ್ರಿ. ನೀವು ಹೇಳೋದು ಯಾವ ಪುಟದಾಗೆ ಐತೆ?"

"ಇದ್ರಾಗೆ ಪುಟದ ಲೆಕ್ಕ ಇಲ್ಲಮ್ಮ. ನೂರಕ್ಕೆ ಇಷ್ಟು ಓದಿದ್ದೀಯ ಅಂತ ತೋರ್ಸುತ್ತೆ, ಅಷ್ಟೆ."

ಯಾರೋ ಕಿಸಕ್ಕೆಂದರು. ಅಕ್ಕ ನಾನು ಕೂತಿದ್ದ ಕಡೆ ತಿರುಗಿದರು. "ಟೈಪ್ ಮಾಡ್ದೋಳು ನೀನೇ ಅಲ್ವೇನೇ. ಹೇಳು."

ಹೇಳಬಹುದಿತ್ತು. ಒಂದು ಕ್ಷಣದ ನಾಚಿಕೆ, ಆಮೇಲೆ ಒಂದು ನಗು — ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು:

"ಅದ್ರಲ್ಲಿ ಬೇರೆ ಕಥೆಗಳೂ ಇದಾವಲ್ಲ ಅಕ್ಕಾ. ಯಾವುದನ್ನೋ ಯಾವುದಕ್ಕೋ ಸೇರಿಸ್ಕೊಂಡಿದೀರಿ ಅನ್ಸುತ್ತೆ."

ಅವರು ಮಡಿಲಲ್ಲಿದ್ದ ಸ್ಲೇಟನ್ನು ನೋಡಿದರು. ಆಮೇಲೆ, "ಇದ್ದೀತು," ಅಂದರು.

ಮರುದಿನ ಚಾರ್ಜ್ ಮಾಡಿಕೊಡುತ್ತೇನೆಂದು ಅದನ್ನು ಮನೆಗೆ ತಂದೆ. ನನ್ನ ನಾಲ್ಕು ಪುಟ ತೆಗೆದು, ಕೂತು, ಸಾವಿನ ಅಧ್ಯಾಯವನ್ನು ಪೂರ್ತಿ ಟೈಪ್ ಮಾಡಿ ಹಾಕಿದೆ. ಅಚ್ಚಿನ ಪುಸ್ತಕದಲ್ಲಿ ಹಾಳೆ ಕಿತ್ತರೆ ಹರಿದ ಅಂಚಾದರೂ ಉಳಿಯುತ್ತದೆ. ಇದರಲ್ಲಿ ಏನೂ ಉಳಿಯಲಿಲ್ಲ. ಆ ಯಂತ್ರದ ಕೊರತೆಗಳನ್ನು ಕೇಳಿದವರಿಗೆಲ್ಲ ಪಟಪಟನೆ ಹೇಳುತ್ತಿದ್ದವಳು ಇದೊಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅಕ್ಕ ಮತ್ತೆ ಓದಿದರು. ಎರಡು ದಿನ ಬಿಟ್ಟು ಸ್ಲೇಟು ವಾಪಸು ಕೊಟ್ಟರು. "ನೀನು ಹೇಳಿದ್ದೇ ಸರಿ. ಸಾಯ್ತಾಳೆ," ಅಂದರು. ನಾನು ತೆಗೆದುಕೊಂಡೆ.

ಬಳಗಕ್ಕೆ ಬಂದರೂ ಆಮೇಲೆ ಅವರು ಕಥೆ ಹೇಳಲಿಲ್ಲ. ಮೂಲೆಯಲ್ಲಿ ಕೂತು ಕೇಳುತ್ತಿದ್ದರು, ಬರಬರುತ್ತಾ ಬರುವುದನ್ನೇ ಬಿಟ್ಟರು. ಕಣ್ಣಿನ ಕಾರಣಕ್ಕೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಳ್ಳಲು ಕಲಿತೆ. ಕಲಿಯುವುದು ಕಷ್ಟವಾಗಲಿಲ್ಲ.

ಈ ವರ್ಷ ಚಿತ್ರದುರ್ಗದ ಬಸ್ಸಿನಲ್ಲಿ ಅವರ ಸೊಸೆ ಗಿರಿಜಾ ಪಕ್ಕದಲ್ಲಿ ಕೂತಳು. ನಾನು ಆ ಬೀದಿ ಬಿಟ್ಟು ವರ್ಷಗಳಾಗಿದ್ದವು; ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. "ಏನ್ ಹೇಳ್ಲಿ ಟೀಚರ್," ಅಂದಳು. "ನಂಗೆ ಮರೆವು ಐತೆ, ನನ್ನ ಮಾತು ನಂಬಬ್ಯಾಡ್ರಿ ಅಂತಾರೆ. ಅಂಗಡಿ ಬಿಟ್ರು. ಮೊಮ್ಮಗಳಿಗೆ ಒಂದು ಕಥೆ ಹೇಳಲ್ಲ, ತಪ್ಪು ಹೇಳ್ಬಿಡ್ತೀನಿ ಅಂತಾರೆ. ದುರ್ಗದ ಡಾಕ್ಟ್ರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದ್ರು. ಯಾವುದೋ ಪುಸ್ತಕದಾಗೆ ಇಲ್ಲದ್ದನ್ನ ಓದಿದ್ನಂತೆ, ಅವತ್ತೇ ಶುರುವಾತು ಅಂತಾರೆ."

ನಾನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಹತ್ತು ಜನರ ನಡುವೆ ಆಡಿದ ಸುಳ್ಳನ್ನು ಒಬ್ಬರ ಕಿವಿಯಲ್ಲಿ ಹಿಂತೆಗೆದುಕೊಳ್ಳಲಾಗದು. ನಾಗರತ್ನಮ್ಮನವರಿಗೆ ಹೇಳಿ ಹಳೆಯ ಬಳಗವನ್ನು ಅಕ್ಕನ ಮನೆಯಲ್ಲೇ ಸೇರಿಸಿದೆ. ಗಿರಿಜಾ ಬಾಗಿಲ ಬಳಿ ನಿಂತಿದ್ದಳು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ — ಬರೆದದ್ದು, ಸುಳ್ಳಾಡಿದ್ದು, ಮರುದಿನ ಅಳಿಸಿದ್ದು. ದನಿ ನಡುಗಲಿಲ್ಲ. ನಡುಗಿ ಅವರ ಕರುಣೆ ಗಿಟ್ಟಿಸುವ ಹಕ್ಕು ನನಗಿರಲಿಲ್ಲ.

ಅಕ್ಕ ನನ್ನ ದನಿ ಬಂದ ಕಡೆಗೆ ಬಾಗಿದರು. "ಹಂಗಾದ್ರೆ ಮಗ್ಗ ಇತ್ತು," ಅಂದರು.

"ಇತ್ತು ಅಕ್ಕಾ."

"ನಾನು ಓದಿದ್ದೆ."

"ಓದಿದ್ದಿರಿ."

ಅವರು ಸೊಸೆಯ ಕಡೆ ತಿರುಗಿದರು. "ಕೇಳಿಸ್ಕಂಡೇನೇ ಗಿರಿಜಾ?" ಆಮೇಲೆ ನನಗೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು. "ಇಷ್ಟು ವರ್ಷ ನಾನು ನನ್ನ ತಲೆಗೇ ಹೆದರ್ಕಂಡು ಬದುಕ್ದೆ ಲಲಿತಾ. ಒಲೆ ಆರ್ಸಿದ್ನಾ ಅಂತ ಎದ್ದೆದ್ದು ನೋಡ್ದೆ. ಈಗ ನೀನು ಹೋಗು. ನಾನು ಇವರ ಜೊತೆ ಕುಂತ್ಕಬೇಕು."

ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಒಳಗೆ ಯಾರೂ ನನ್ನ ಪರವಾಗಿ ಮಾತಾಡಲಿಲ್ಲ. ಅದು ಸರಿಯಾಗಿಯೇ ಇತ್ತು.

ಹೋದ ತಿಂಗಳು ಬಳಗದಲ್ಲಿ ಅಕ್ಕ ಮತ್ತೆ ಕಥೆ ಹೇಳಿದರಂತೆ. ನಾಗರತ್ನಮ್ಮ ಫೋನಿನಲ್ಲಿ ತಿಳಿಸಿದರು. ಹೇಗೆ ಹೇಳಿದರು, ಯಾವ ಕಥೆ ಎಂದು ನಾನು ಕೇಳಲಿಲ್ಲ. ಅದನ್ನು ಕೇಳುವ ಜಾಗ ಅವರ ಎದುರಿನ ಚಾಪೆ. ಅಲ್ಲಿಗೆ ನನ್ನನ್ನು ಅವರು ಕರೆದಿಲ್ಲ. ಕರೆಯದಿದ್ದರೆ ನಾನು ಹೋಗುವುದೂ ಇಲ್ಲ.